ಬರಿ ನೆಲಕ್ಕಾಗಿ ಅಮ್ಮಾಜಮ್ಮನ ಮಹಾಸಮರ

ಅಮ್ಮಾಜಮ್ಮನಿಗೆ ಗಂಡನ ಮೇಲೆ ಸಿಟ್ಟು ಬಂದಿತ್ತು. ಇದರಲ್ಲೇನು ಹೊಸದು ಎಂದು ಗೌರಿಬಿದನೂರಿನ ಆ ಬೀದಿಯಲ್ಲಿ ಯಾರಾದರೂ ಕೇಳಿಯಾರು. ಆದರೆ ಈ ಸಲದ್ದು ದಿನವಹಿ ಸಿಟ್ಟಲ್ಲ. ಸಾರಿಗೆ ಉಪ್ಪು ಕಮ್ಮಿ ಅಂದಾಗ ಬರುವುದು, ಒದ್ದೆ ಟವೆಲನ್ನು ಮಂಚದ ಮೇಲೆ ಎಸೆದಾಗ ಬರುವುದು, ಅವೆಲ್ಲ ಚಿಲ್ಲರೆ ಸಿಟ್ಟುಗಳು. ಇದು ಮದುವೆಯಾದ ವರ್ಷದಿಂದ ಕೂಡಿಟ್ಟುಕೊಂಡು ಬಂದ ಇಡಿಗಂಟು.

ಮೂಲ ಕಾರಣ ಬಿಸಿಲು. ಗೌರಿಬಿದನೂರಿನ ಬೇಸಿಗೆ, ಅದರಲ್ಲೂ ಆರ್‌ಸಿಸಿ ತಾರಸಿಯ ಕೆಳಗಿನ ಬೇಸಿಗೆ, ಅಮ್ಮಾಜಮ್ಮನ ಮೈಗೆ ಎಂದೂ ಒಗ್ಗಿರಲಿಲ್ಲ. ಹೋದ ವರ್ಷ ಮುದ್ದೆ ತಿರುವುತ್ತಿದ್ದವಳು ಕೋಲು ಹಿಡಿದ ಹಾಗೆಯೇ ಒಲೆಯ ಮುಂದೆ ಕುಸಿದು ಕೂತಳು. ಡಾಕ್ಟರು ನೋಡಿ, ಇವರನ್ನು ಸ್ವಲ್ಪ ತಂಪಿರುವ ಕಡೆ ಇರಿಸಿ ಎಂದರು. ಗಂಡ ಮುನಿಶಾಮಪ್ಪ ಬಹಳ ಯೋಚನೆ ಮಾಡಿ ಒಂದು ಟೇಬಲ್ ಫ್ಯಾನ್ ತಂದ. (ಅವನ ಪ್ರಕಾರ ತಂಪಿರುವ ಕಡೆ ಎಂದರೆ ಫ್ಯಾನಿನ ಮುಂದೆ.) ಆ ಫ್ಯಾನು ಅಡಿಗೆಮನೆಯ ಬಿಸಿಗಾಳಿಯನ್ನು ಬೇರೆಲ್ಲೂ ಹೋಗಗೊಡದೆ ಅವಳ ಮುಖಕ್ಕೇ ತಂದು ಬಡಿಯಿತು.

ಆಗ ರಂಗಕ್ಕೆ ಬಂದವಳು ಮೌನಿಕಾ, ಅಮ್ಮಾಜಮ್ಮನ ತಮ್ಮನ ಮಗಳು. ಚಿಕ್ಕಬಳ್ಳಾಪುರದಲ್ಲಿರುವ ಅವಳ ಕಸುಬು ಏನಪ್ಪಾ ಎಂದರೆ, ವಯಸ್ಸಾದವರು ದೊಡ್ಡ ಮನೆ ಬಿಟ್ಟು ಚಿಕ್ಕ ಮನೆಗೆ ಹೋಗುವಾಗ ಅವರ ಸಾಮಾನು ಕಡಿಮೆ ಮಾಡಿಸುವುದು. (ಇಂಥದ್ದೂ ಒಂದು ಕಸುಬೇ ಎಂದು ಮೊದಲು ಹುಬ್ಬೇರಿಸಿದವಳು ಅಮ್ಮಾಜಮ್ಮನೇ.) ಊರ ಅಂಚಿನಲ್ಲಿ, ಬೆಟ್ಟಗಳ ಕಡೆಗೆ ಮುಖ ಮಾಡಿದ ಒಂದು ಮನೆ ಬಾಡಿಗೆಗಿದೆ, ಬಂದು ನೋಡಿ ಎಂದು ಮೌನಿಕಾ ಕರೆದಳು. ಒಂದು ಹಾಲ್, ಅಡಿಗೆಮನೆ, ಎರಡು ಪುಟ್ಟ ಕೋಣೆ. ಹಾಲ್‌ಗೆ ಎದುರುಬದುರಾಗಿ ಎರಡು ಕಿಟಕಿ. ಒಂದರಿಂದ ಬಂದ ಗಾಳಿ ನೆಲ ಸವರಿಕೊಂಡು ಇನ್ನೊಂದರಿಂದ ಆಚೆ ಹೋಗುತ್ತಿತ್ತು.

ಅಮ್ಮಾಜಮ್ಮ ಯಾರನ್ನೂ ಕೇಳಲಿಲ್ಲ. ಸೆರಗನ್ನು ಮಡಿಸಿ ತಲೆಯಡಿಗೆ ಇಟ್ಟುಕೊಂಡು, ಆ ತಣ್ಣನೆಯ ಬರಿ ನೆಲದ ಮೇಲೆ, ನಡುಹಗಲಲ್ಲಿ, ಕೈಕಾಲು ಚಾಚಿ ಮಲಗಿಬಿಟ್ಟಳು. ಎದ್ದಾಗ ಮನೆಯ ಓನರು ಬಾಗಿಲಲ್ಲಿ ನಿಂತು ಗಾಬರಿಯಿಂದ ನೋಡುತ್ತಿದ್ದ. ಅವಳಿಗೆ ನಾಚಿಕೆಯೂ ಆಗಲಿಲ್ಲ. ಮನೆ ನಮಗೇ ಎಂದಳು.

ಯಾಕೆ ಹಾಗೆಂದರೆ, ಗೌರಿಬಿದನೂರಿನ ಮನೆಯಲ್ಲಿ ನೆಲವೆಂಬುದು ಗುಡಿಸುವಾಗ ಪೊರಕೆಗೆ ಮಾತ್ರ ಸಿಗುತ್ತಿತ್ತು. ಅಣ್ಣತಮ್ಮಂದಿರು ಪಾಲಾದಾಗ ಉಳಿದವರು ಬೇಡವೆಂದದ್ದನ್ನೆಲ್ಲ ಮುನಿಶಾಮಪ್ಪ ತೊಂಡೇಬಾವಿಯ ಹಳೇ ಮನೆಯಿಂದ ಹೇರಿಕೊಂಡು ಬಂದಿದ್ದ. ಸುಟ್ಟುಹೋದ ಪಂಪ್‌ಸೆಟ್ಟಿನ ಸ್ಟಾರ್ಟರು. ಕಾಲಿಲ್ಲದ ಮೇಜು, ಮೇಜಿಲ್ಲದ ಕಾಲು. ರೇಷ್ಮೆಹುಳ ಗೂಡು ಕಟ್ಟುವ ಆಳೆತ್ತರದ ಬಿದಿರಿನ ಚಂದ್ರಿಕೆಗಳು, ಗೋಡೆಯುದ್ದಕ್ಕೂ. ಹುಳ ಸಾಕುವುದನ್ನು ಬಿಟ್ಟು ಯಾವ ಕಾಲವಾಗಿತ್ತೋ. ಇವುಗಳ ಸಂದಿಯಲ್ಲಿ ಅಮ್ಮಾಜಮ್ಮ ಜೀವಮಾನವಿಡೀ ಅಡ್ಡಡ್ಡ ನಡೆದಿದ್ದಳು.

"ಇಬ್ರೂ ಕೇಳಿಸ್ಕೊಳ್ಳಿ," ಎಂದು ಅವಳು ಗಂಡನಿಗೂ ಮೌನಿಕಾಳಿಗೂ ಒಟ್ಟಿಗೇ ಶಾಸನ ಹೊರಡಿಸಿದಳು. "ಒಂದು ಕೋಣೇಲಿ ಮಂಚ, ಬೀರು. ಇನ್ನೊಂದು ಕೋಣೆ ಇವರದು. ಅದರಲ್ಲಿ ಹಿಡಿಸಿದಷ್ಟು ತುಂಬ್ಕೊಳ್ಳಲಿ, ಇಲ್ಲಾ ತಲೆ ಮೇಲೆ ಹೊತ್ಕೊಂಡು ಕುಣೀಲಿ. ಹಾಲ್‌ಗೆ ಮಾತ್ರ ಒಂದು ಕಡ್ಡಿ ಬರಕೂಡದು. ನಂಗೆ ಕಾಲು ಚಾಚ್ಕೊಂಡು ಮಲಗೋ ನೆಲ ಬೇಕು. ಇಷ್ಟು ವರ್ಷ ಕೇಳಿಲ್ಲ, ಈಗ ಕೇಳ್ತಿದೀನಿ."

ಮೌನಿಕಾ ಕೆಲಸ ಶುರು ಮಾಡಿದಳು. ಅವಳ ಪದ್ಧತಿಯಲ್ಲಿ ಮೂರು ಗುಡ್ಡೆ: ತಗೊಂಡು ಹೋಗೋದು, ಕೊಡೋದು, ಎಸೆಯೋದು. ಅಮ್ಮಾಜಮ್ಮ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಮೂರನೆಯ ಗುಡ್ಡೆ ಕರಗಿ ಮೊದಲನೆಯದು ಬೆಳೆದಿರುತ್ತಿತ್ತು. ಮುನಿಶಾಮಪ್ಪ ಏನೂ ಅರಿಯದವನಂತೆ ಪೇಪರ್ ಓದುತ್ತಾ ಕೂತಿರುತ್ತಿದ್ದ.

"ಈ ಸ್ಟಾರ್ಟರು ಇಲ್ಲಿಗೆ ನಡ್ಕೊಂಡು ಬಂತೇನ್ರಿ?"

"ರಿಪೇರಿ ಮಾಡ್ಸಿದ್ರೆ ಓಡುತ್ತೆ ಕಣೇ ಅದು."

"ಓಡ್ಸೋಕೆ ಬೋರ್‌ವೆಲ್ ಎಲ್ಲಿದೆ? ಚಿಕ್ಕಬಳ್ಳಾಪುರದ ಬಾತ್‌ರೂಮಲ್ಲಿ ಕೊರೆಸ್ತೀರಾ?"

"ಮಾವ, ಚಂದ್ರಿಕೆ ಆದ್ರೂ ಬಿಡಿ," ಎಂದು ಮೌನಿಕಾ ಬೇಡಿಕೊಂಡಳು. "ಆ ಮನೆ ಬಾಗಿಲಲ್ಲೇ ಅವು ತೂರಲ್ಲ."

"ಬಾಗಿಲು ಬಿಚ್ಚಿಸ್ಬೋದಲ್ಲಮ್ಮ."

ಅಮ್ಮಾಜಮ್ಮ ಕೂಗಾಡಿದಳು. ಪಕ್ಕದ ಮನೆಯ ಕೊಂಡಮ್ಮ ಗ್ಯಾಸ್ ಆರಿಸಿ ಕಾಂಪೌಂಡಿನ ಮೇಲೆ ಮೊಣಕೈ ಊರುವಷ್ಟು ಕೂಗಾಡಿದಳು. ತಾನು ಇಲ್ಲೇ ಬೆಂದು ಸತ್ತರೆ ಈ ಚಂದ್ರಿಕೆಯ ಮೇಲೇ ಮಲಗಿಸಿ ತಗೊಂಡು ಹೋಗಿ, ಆಗಲಾದರೂ ಅದು ಉಪಯೋಗಕ್ಕೆ ಬರಲಿ ಎಂದಳು. ಆ ಮಾತಿಗೆ ಮುನಿಶಾಮಪ್ಪ ಪೇಪರ್ ಮಡಿಸಿಟ್ಟ. ಶಿಡ್ಲಘಟ್ಟದ ಕಡೆಯ ಬಯ್ಯಪ್ಪ ಎಂಬ ರೇಷ್ಮೆ ಬೆಳೆಗಾರನಿಗೆ ಫೋನ್ ಮಾಡಿದ. ಬಯ್ಯಪ್ಪ ಟೆಂಪೋ ತಂದು ಚಂದ್ರಿಕೆ, ಮೇಜು, ಕಾಲು, ಸ್ಟಾರ್ಟರು ಎಲ್ಲವನ್ನೂ ಹೇರಿಕೊಂಡು, ಒಂದು ಲೋಟ ಮಜ್ಜಿಗೆ ಕುಡಿದು, ಬರ್ತೀನಣ್ಣ ಎಂದು ಹೊರಟುಹೋದ. ಮುನಿಶಾಮಪ್ಪ ಆ ಸಂಜೆ ಊಟ ಬೇಡವೆಂದ. ಅಮ್ಮಾಜಮ್ಮ ಎರಡು ಮುದ್ದೆ ಉಂಡಳು.

ಆದರೆ ಮಾರನೆಯ ಬೆಳಿಗ್ಗೆ ಅವನು ಕಾಫಿ ಕುಡಿಯುತ್ತಾ ಕತ್ತೆತ್ತಿ ಅಟ್ಟದ ಕಡೆ ನೋಡಿದ.

"ನಂದೇನೋ ಹೋಯ್ತು. ನಿನ್ನ ಪಾತ್ರೆ?"

ಅಟ್ಟದಲ್ಲಿ ಅಮ್ಮಾಜಮ್ಮನ ಸಾಮ್ರಾಜ್ಯವಿತ್ತು. ತಪ್ಪಲೆ, ಕೊಳಗ, ಬೇಸಿನ್ನು, ಒಂದರೊಳಗೊಂದು ಕೂರಿಸಿದ ಡಬರಿಗಳು, ಎರಡು ಹಿತ್ತಾಳೆ ಹಂಡೆ. ಇಬ್ಬರೇ ಇರುವ ಮನೆಗೆ ಇನ್ನೂರು ಜನಕ್ಕೆ ಬಡಿಸುವಷ್ಟು. ಎಲ್ಲವೂ ಮುಯ್ಯಿಯಾಗಿ ಬಂದವು, ಎಲ್ಲದರ ಮೇಲೂ ಕೊಟ್ಟವರ ಹೆಸರು ಕೆತ್ತಿಸಿತ್ತು.

ಈ ಮುಯ್ಯಿಯ ವಿಷಯದಲ್ಲಿ ಅಮ್ಮಾಜಮ್ಮ ಆ ಬೀದಿಯ ಸುಪ್ರೀಂ ಕೋರ್ಟು. ಯಾರ ಮದುವೆಯಲ್ಲಿ ಯಾರು ಏನು ಕೊಟ್ಟರು, ತಿರುಗಿ ಅವರಿಗೆ ಏನು ಹೋಗಬೇಕು ಎಂಬುದೆಲ್ಲ ಅವಳ ನಾಲಿಗೆಯ ತುದಿಯಲ್ಲಿರುತ್ತಿತ್ತು. ತಗೊಂಡ ಮೇಲೆ ಒಂದು ಕೈ ಮೇಲಾಗೇ ಕೊಡಬೇಕು, ಸರಿಸಮ ಕೊಟ್ಟರೆ ಅದು ವ್ಯಾಪಾರ ಎಂದು ಹೊಸದಾಗಿ ಬಂದ ಸೊಸೆಯರಿಗೆಲ್ಲ ಪಾಠ ಹೇಳಿದವಳು ಅವಳೇ. ಒಮ್ಮೆ ಕೊಂಡಮ್ಮ ತನ್ನ ಮನೆಯ ಗೃಹಪ್ರವೇಶದಲ್ಲಿ, ಇದೆಲ್ಲಾ ಯಾಕಕ್ಕಾ ಎಂದು ಇವಳ ಸ್ಟೀಲ್ ಬಕೆಟ್ಟನ್ನು ಹಿಂದಕ್ಕೆ ತಳ್ಳಿದ್ದಕ್ಕೆ, ಅಮ್ಮಾಜಮ್ಮ ವರ್ಷಗಟ್ಟಲೆ ಅವಳೊಂದಿಗೆ ಮಾತು ಬಿಟ್ಟಿದ್ದಳು.

"ಅತ್ತೆ, ತೂಕಕ್ಕೆ ಹಾಕ್ಬಿಡಣ," ಎಂದಳು ಮೌನಿಕಾ. "ಅರ್ಧ ಗಂಟೆ ಕೆಲಸ."

"ತೂಕಕ್ಕಾ? ಅವರ ಹೆಸರಿರೋ ಪಾತ್ರೆ ಅಂಗಡೀಲಿ ನೇತಾಡ್ತಿದ್ರೆ ಜನ ಏನಂತಾರೆ, ಅಮ್ಮಾಜಮ್ಮ ಮನೆ ಮುಳುಗಿಸ್ಕೊಂಡು ಓಡೋದ್ಳು ಅಂತಾರೆ. ಬೇಡ ಕಣಮ್ಮ. ಬೀದಿಯೋರನ್ನೆಲ್ಲ ಕರೆದು ಊಟ ಹಾಕಿ ಕೈಯಾರೆ ಕೊಟ್ಬಿಡ್ತೀನಿ."

"ಕೊಟ್ರೆ ಅವರು ಸುಮ್ನೆ ತಗೊಂಡು ಹೋಗ್ತಾರಾ ಅತ್ತೆ?"

"ಕೊಟ್ರೆ ಬೇಡ ಅನ್ನೋಕೆ ಅವರಿಗೇನು ತಲೆ ಕೆಟ್ಟಿದೆಯಾ?"

ಭಾನುವಾರ ಹೋಳಿಗೆ ಊಟವಾಯಿತು. ಬರಿ ಪಾತ್ರೆ ಕೊಡಬಾರದೆಂದು ಒಂದೊಂದರಲ್ಲೂ ಒಂದು ಹಿಡಿ ಅಕ್ಕಿ, ಒಂದು ಅಚ್ಚು ಬೆಲ್ಲ ಹಾಕಿ, ಅರಿಶಿನ ಕುಂಕುಮ ಕೊಟ್ಟು ಅಮ್ಮಾಜಮ್ಮ ಹಂಚಿದಳು. ಕೊಂಡಮ್ಮನಿಗೆ ದೊಡ್ಡ ಹಂಡೆ. ಮೂಲೆಮನೆಯ ಯಶೋಧರಾಳಿಗೆ ಕೊಳಗ. ಎಲ್ಲರೂ ಕಣ್ಣಿಗೆ ಒತ್ತಿಕೊಂಡು ಇಸಕೊಂಡರು. ಹೊತ್ತು ಇಳಿಯುವ ಮೊದಲೇ ಅಟ್ಟ ಖಾಲಿ. ಇಂಥ ಸಲೀಸು ಕೆಲಸವನ್ನು ಎಲ್ಲೂ ನೋಡಿಲ್ಲವೆಂದು ಮೌನಿಕಾ ಬೆರಗಾದಳು.

"ನೋಡ್ಕೊಳ್ರೀ," ಎಂದಳು ಅಮ್ಮಾಜಮ್ಮ ಗಂಡನಿಗೆ. "ಮನಸ್ಸು ಗಟ್ಟಿ ಮಾಡೋದು ಅಂದ್ರೆ ಹೀಗೆ. ನಿಮ್ಹಾಗೆ ಮುಲುಗಾಡ್ಕೊಂಡಲ್ಲ."

ಮುನಿಶಾಮಪ್ಪ ಖಾಲಿ ಅಟ್ಟವನ್ನೊಮ್ಮೆ ನೋಡಿದ. ಆಮೇಲೆ ಪೇಪರ್ ಬಿಡಿಸಿ ಹಿಡಿದ.

ಮನೆ ಬಿಡುವ ದಿನ ಚಿಕ್ಕ ಲಾರಿ ಬಂತು. ಮಂಚ, ಬೀರು, ಗ್ಯಾಸು ಹತ್ತಿಸಿದರೂ ಇನ್ನೂ ಅರ್ಧ ಲಾರಿ ಖಾಲಿ. ಅದನ್ನು ನೋಡಿ ಅಮ್ಮಾಜಮ್ಮನಿಗೆ ಮೈಯೆಲ್ಲ ತಂಪಾಯಿತು. ಅಷ್ಟರಲ್ಲಿ ಕೊಂಡಮ್ಮ ಹೊಸ ಮಿಕ್ಸಿಯ ಡಬ್ಬ ಎದೆಗವಚಿಕೊಂಡು ಬಂದಳು.

"ಇದೇನೇ ಕೊಂಡಮ್ಮ?"

"ಊರಿಕೇ ತೀಸುಕುಂಟಾಮಾ ಅಕ್ಕಾ, ಪುಕ್ಕಟೆ ತಗೋತೀವಾ? ಹಂಡೆ ಕೊಟ್ಟಿದೀಯ, ಸುಮ್ನೆ ಇಟ್ಕೊಳ್ಳೋಕಾಗುತ್ತಾ? ಒಂದು ಕೈ ಮೇಲಾಗೇ ಕೊಡ್ಬೇಕು ಅಂತ ಹೇಳ್ಕೊಟ್ಟೋಳು ನೀನೇ ಅಲ್ವಾ."

"ನಮ್ಹತ್ರ ಮಿಕ್ಸಿ ಇದೆ ಕಣೇ."

ಕೊಂಡಮ್ಮನ ಮುಖ ಸಣ್ಣಗಾಯಿತು. "ಬೇಡ ಅಂತೀಯಾ ಅಕ್ಕಾ?"

ಬೀದಿಯೆಲ್ಲ ನೋಡುತ್ತಿತ್ತು. ಬೇಡ ಎಂದು ಹೇಗೆ ಹೇಳಿಯಾಳು. ಬಕೆಟ್ಟಿನ ಕಥೆ ಗೊತ್ತಿಲ್ಲದವರು ಅಲ್ಲಿ ಒಬ್ಬರೂ ಇರಲಿಲ್ಲ. ಅಮ್ಮಾಜಮ್ಮ ಹಲ್ಲು ಕಚ್ಚಿಕೊಂಡು ನಕ್ಕು ಡಬ್ಬ ಇಸಕೊಂಡಳು. ಆಮೇಲೆ ಶುರುವಾಯಿತು ನೋಡಿ. ಯಶೋಧರಾ ಒಂದು ವೆಟ್ ಗ್ರೈಂಡರ್ ತಂದಳು. ಆಚೆಮನೆಯವರು ಕುರ್ಚಿಗಳನ್ನು ತಂದರು, ಒಂದರ ಮೇಲೊಂದು ಜೋಡಿಸಿಕೊಂಡು. ಗೋಡೆ ಗಡಿಯಾರಗಳು ಬಂದವು, ಒಂದೊಂದೂ ಬೇರೆ ಬೇರೆ ಹೊತ್ತು ತೋರಿಸುತ್ತಾ. ಹೋಗುತ್ತಿರುವುದು ಹೊಸ ಮನೆಗಾದ್ದರಿಂದ ಬೀಳ್ಕೊಡುಗೆಯ ಜೊತೆಗೆ ಗೃಹಪ್ರವೇಶದ ಲೆಕ್ಕವೂ ಸೇರಿತ್ತು. ಬಾಡಿಗೆ ಮನೆಗೆ ಎಂಥ ಗೃಹಪ್ರವೇಶ ಎಂದು ಅಮ್ಮಾಜಮ್ಮನ ಹೊಟ್ಟೆ ಉರಿಯಿತು. ಬಾಯಲ್ಲಿ ಮಾತ್ರ, ಯಾಕಮ್ಮ ಇಷ್ಟೆಲ್ಲಾ, ಚೆನ್ನಾಗಿದೆ, ಬಹಳ ಚೆನ್ನಾಗಿದೆ ಎನ್ನುತ್ತಿದ್ದಳು.

ಮುನಿಶಾಮಪ್ಪ ಲಾರಿಯ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ನಕ್ಕಿದ್ದರೆ ಬಯ್ಯಬಹುದಿತ್ತು. ನಗಲೂ ಇಲ್ಲವಲ್ಲ ಎಂದು ಅವಳಿಗೆ ಇನ್ನಷ್ಟು ರೇಗಿತು.

ಕೊನೆಗೆ ಕೊಂಡಮ್ಮನ ಗಂಡ ಚಲಪತಿ ಮುಂದಾಳಾಗಿ, ನಾಲ್ಕು ಜನ ಏದುಸಿರು ಬಿಡುತ್ತಾ ಒಂದು ಸೋಫಾ ಹೊತ್ತು ತಂದರು. ತೇಗದ ಮರ, ಎರಡು ಕಡೆಯ ಕೈಗಳಿಗೂ ನವಿಲು, ಹಿಂದೆ ಬರುವವರ ಕೈಯಲ್ಲಿ ಅದೇ ಜೋಡಿಯ ಎರಡು ಕುರ್ಚಿ, ಒಂದು ಗಾಜಿನ ಟೀಪಾಯಿ. ಬೆನ್ನ ಹಲಗೆಯ ಮೇಲೆ ಬೀದಿಯವರೆಲ್ಲರ ಹೆಸರು ಸಾಲಾಗಿ ಕೆತ್ತಿಸಿತ್ತು.

"ಅಕ್ಕಾ, ಇದು ಬೀದಿಯೋರೆಲ್ಲ ಸೇರಿ," ಎಂದ ಚಲಪತಿ ಬೆವರೊರೆಸಿಕೊಳ್ಳುತ್ತಾ. "ನಿಮ್ಮ ಹಾಲ್ ಪೂರ್ತಿ ಖಾಲಿ ಇದೆ ಅಂತ ಗೊತ್ತಾಯ್ತು. ಮನಸ್ಸಿಗೆ ಒಂಥರಾ ಆಯ್ತು. ಹಾಲ್‌ಗೆ ಅಂತಾನೇ ಹೇಳಿ ಮಾಡ್ಸಿದ್ದು."

"ನಾವೆಲ್ಲ ಬರ್ತಾನೇ ಇರ್ತೀವಿ ಅಕ್ಕಾ," ಎಂದಳು ಕೊಂಡಮ್ಮ, ಕಣ್ಣಲ್ಲಿ ನೀರು ತುಂಬಿಕೊಂಡು. "ಮಂಚೇನಹಳ್ಳಿ ಮೇಲೆ ಬಸ್ ಹತ್ತಿದ್ರೆ ಎಷ್ಟು ಹೊತ್ತು. ಇದರ ಮೇಲೇ ಕೂತ್ಕೊಂಡು ನಿನ್ ಕೈ ಕಾಫಿ ಕುಡೀತೀವಿ."

ಅಮ್ಮಾಜಮ್ಮನಿಗೂ ಅಳು ಬಂತು. ಅಕ್ಕನಿಗೆ ನಮ್ಮನ್ನೆಲ್ಲ ಬಿಟ್ಟು ಹೋಗುವ ಸಂಕಟ ಎಂದು ಬೀದಿಯವರು ಸಮಾಧಾನ ಮಾಡಿದರು. ಲಾರಿ ಸಾಲದೆ ಇನ್ನೊಂದು ಟೆಂಪೋ ಕರೆಸಬೇಕಾಯಿತು. ಮಗಳು ಸೌಜನ್ಯ ಚಿಂತಾಮಣಿಯಲ್ಲಿದ್ದಳು. ಒಂದೆರಡಾದರೂ ತಗೋ ಎಂದು ದಾರಿಯಿಂದಲೇ ಫೋನ್ ಮಾಡಿದರೆ, "ಅಮ್ಮ, ನೀನೇನು ಕೊಟ್ರೂ ನಮ್ಮತ್ತೆ ಒಂದು ಕೈ ಮೇಲಾಗಿ ವಾಪಸ್ ಕಳಿಸ್ತಾರೆ, ಬೇಡಮ್ಮ," ಎಂದಳು. ಅಮ್ಮಾಜಮ್ಮ ಫೋನ್ ಇಟ್ಟಳು.

ಸೋಫಾ ಕೋಣೆಯ ಬಾಗಿಲಲ್ಲಿ ಹಿಡಿಸಲಿಲ್ಲ, ಹಾಲ್‌ನಲ್ಲೇ ಕೂತಿತು. ಅದರ ಸುತ್ತ ಕುರ್ಚಿಗಳು, ಕುರ್ಚಿಗಳ ನಡುವೆ ಟೀಪಾಯಿ, ಟೀಪಾಯಿ ಕೆಳಗೆ ಗ್ರೈಂಡರು. ಕಿಟಕಿಯ ಗಾಳಿ ಬಂದು ಬೀದಿಯವರ ಹೆಸರುಗಳಿಗೆ ತಗಲಿ ಅಲ್ಲೇ ನಿಂತಿತು. ಮೌನಿಕಾ ಎಲ್ಲವನ್ನೂ ಒಮ್ಮೆ ನೋಡಿ, ಇನ್ನೊಂದು ಮನೆ ಕೆಲಸ ಇದೆ ಅತ್ತೆ ಎಂದು ಮೆಲ್ಲಗೆ ಜಾರಿಕೊಂಡಳು.

ಉಳಿದಿದ್ದು ಮುನಿಶಾಮಪ್ಪನ ಪುಟ್ಟ ಕೋಣೆ. ಅದರಲ್ಲಿ ಏನೂ ಇರಲಿಲ್ಲ. ಅವನ ಪಾಲಿನದೆಲ್ಲ ಬಯ್ಯಪ್ಪನ ಟೆಂಪೋದಲ್ಲಿ ಹೋಗಿತ್ತು, ಮತ್ತು ಬಯ್ಯಪ್ಪ ಮುಯ್ಯಿ ಗಿಯ್ಯಿ ತಲೆಗೆ ಹಾಕಿಕೊಳ್ಳುವ ಪೈಕಿಯಲ್ಲ. ತೊಳೆದ ತಟ್ಟೆಯ ಹಾಗೆ ನೆಲ. ಅಲ್ಲಿಗೂ ಒಂದು ಕಿಟಕಿಯಿತ್ತು, ಅದರಿಂದಲೂ ಬೆಟ್ಟದ ಗಾಳಿ ಬರುತ್ತಿತ್ತು. ಅಮ್ಮಾಜಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಸಿಟ್ಟು ಉಕ್ಕಿ ಬಂತು, ಯಾರ ಮೇಲೆ ಎಂದು ಮಾತ್ರ ಹೇಳಲಾಗಲಿಲ್ಲ.

"ರೀ, ಆ ಕುರ್ಚಿಗಳನ್ನ ಇಲ್ಲಿ ಹಾಕ್ತೀನಿ."

"ಈ ಕೋಣೆ ನಂದು," ಎಂದ ಮುನಿಶಾಮಪ್ಪ. ಅವನ ದನಿಯಲ್ಲಿ ಜಗಳವೇ ಇರಲಿಲ್ಲ. "ನಂಗೂ ಖಾಲಿ ಇರೋದು ಚೆನ್ನಾಗಿದೆ ಅನ್ನಿಸ್ತಿದೆ."

ಅವಳು ಸ್ವಲ್ಪ ಹೊತ್ತು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದಳು. ಆಮೇಲೆ, ಮದುವೆಯಾದಾಗಿನಿಂದ ಅವನ ಅಪ್ಪಣೆ ಎಂದೂ ಕೇಳದವಳು, ಕೇಳಿದಳು.

"ಸೊಂಟ ನೋಯ್ತಿದೆ ಕಣ್ರೀ. ಒಂದು ಗಳಿಗೆ ನಾನಿಲ್ಲಿ ಮಲ್ಕೊಳ್ಳಾ?"

"ಮಲ್ಕೋ. ಅದಕ್ಕೇನು. ಮುಯ್ಯಿ ಏನು ಕೊಡ್ತೀಯ?"

ಅಮ್ಮಾಜಮ್ಮ ಉರಿಗಣ್ಣು ಬಿಟ್ಟಳು. ಆದರೆ ಯಾರ ಮುಯ್ಯಿಯನ್ನೂ ಬಾಕಿ ಉಳಿಸಿಕೊಂಡವಳಲ್ಲ. ದಬದಬನೆ ಕುರ್ಚಿಗಳನ್ನು ದಾಟಿ, ನವಿಲಿನ ಕೊಕ್ಕಿಗೆ ಸೆರಗು ಸಿಕ್ಕಿ, ಬಿಡಿಸಿಕೊಂಡು, ಅಡಿಗೆಮನೆಗೆ ಹೋಗಿ ಹಾಲು ಕಾಯಿಸಿ, ಪಾತ್ರೆ ಕುಕ್ಕಿ ಕುಕ್ಕಿ ಇಟ್ಟು, ಒಂದು ಲೋಟ ಗಟ್ಟಿ ಕಾಫಿ ಮಾಡಿಕೊಂಡು ಬಂದಳು.

ಬಂದು ನೋಡಿದರೆ ಮುನಿಶಾಮಪ್ಪ ಕೋಣೆಯ ತುಂಬಾ ಕೈಕಾಲು ಚಾಚಿ, ಆ ಗೋಡೆಗೆ ತಲೆ, ಈ ಗೋಡೆಗೆ ಪಾದ, ಗಾಳಿಗೆ ಮುಖ ಕೊಟ್ಟು ಗೊರಕೆ ಹೊಡೆಯುತ್ತಿದ್ದ. ಬಿಸಿ ಲೋಟ ಹಿಡಿದ ಅಮ್ಮಾಜಮ್ಮನಿಗೆ ಕಾಲಿಡಲೂ ಜಾಗವಿರಲಿಲ್ಲ. ಹಿಂದಕ್ಕೆ ಬಂದು ನವಿಲಿನ ಪಕ್ಕದಲ್ಲಿ ಕೂತು, ಕಾಲು ಮಡಚಿಕೊಂಡು, ಆ ಕಾಫಿಯನ್ನು ತಾನೇ ಕುಡಿದಳು.