ಕಸ, ಸೊಪ್ಪು, ದರಕು

ತರಗೆಲೆಯೊಳಗೆ ಹಾವಿರುತ್ತದೆ. ಈ ಒಂದು ವಾಕ್ಯ ಪರಿಮಳೆಯ ತಲೆ ಹೊಕ್ಕು ಕೂತು ತಿಂಗಳಾಗಿತ್ತು. ಏಳಿಸಿದರೂ ಏಳದು, ಬೈದರೂ ಹೋಗದು. ಮಗಳು ಸಮೃದ್ಧಿಗೆ ಹತ್ತು ತಿಂಗಳು. ಅಂಬೆಗಾಲಿನಲ್ಲಿ ಸೈಕಲ್ಲಿನ ವೇಗ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಶಿರಸಿಯ ಆ ಹೊಸ ಬಡಾವಣೆಯಲ್ಲೋ, ಫಾಲ್ಗುಣ ಬಂದದ್ದೇ ತಡ, ಹಲಸು, ಮಾವು, ಮತ್ತಿ ಎಲ್ಲವೂ ಪಂತಕ್ಕೆ ಬಿದ್ದಂತೆ ಎಲೆ ಉದುರಿಸಿದ್ದವು. ಪ್ರತಿ ಕಾಂಪೌಂಡಿನ ಮೂಲೆಯಲ್ಲೂ ಒಂದು ಗುಡ್ಡೆ. ಪ್ರತಿ ಗುಡ್ಡೆಯಲ್ಲೂ, ಪರಿಮಳೆಯ ಪ್ರಕಾರ, ಒಂದು ನಾಗರಹಾವಿನ ತುಂಬು ಸಂಸಾರ.

ಆದರೆ ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು ಹೆದರಿ ಕೂರುವವಳಲ್ಲ, ಹೆದರುತ್ತಲೇ ಓಡಾಡುವವಳು. ಒಂದು ಬೆಳಿಗ್ಗೆ ದೋಸೆ ಕಾವಲಿಯ ಮುಂದೆ ನಿಂತು, ಬಡಾವಣೆಯ ತರಗೆಲೆಯನ್ನೆಲ್ಲ ತಾನೇ ಎತ್ತಿಸುವುದಾಗಿ ಘೋಷಿಸಿದಳು. ಉದ್ಯಮದ ಹೆಸರೂ ಸಿದ್ಧ: 'ಸಮೃದ್ಧಿ ಉದ್ಯಾನ ತ್ಯಾಜ್ಯ ನಿವಾರಣಾ ಸೇವೆ'. ಹೆಸರು ಮುಗಿಯುವಷ್ಟರಲ್ಲಿ ದೋಸೆ ಸೀದಿತ್ತು. ಕಾಲೇಜಿನಲ್ಲಿ ಗಣಿತ ಕಲಿಸುವ ಗಂಡ ನಂದನ ಅದನ್ನೇ ತಿನ್ನುತ್ತ ಒಂದು ಪ್ರಶ್ನೆ ಕೇಳಿದ.

"ಎತ್ತಿದ್ದನ್ನ ಎಲ್ಲಿ ಹಾಕ್ತೆ?"

"ಅದು ಎರಡನೇ ಹಂತ."

ಹುಡುಗರು ಅಂಕ ಕಳೆದುಕೊಳ್ಳುವುದೇ ಎರಡನೇ ಹಂತದಲ್ಲಿ ಎಂದು ನಂದನನಿಗೆ ಗೊತ್ತಿತ್ತು. ಆದರೂ ಇನ್ನೊಂದು ದೋಸೆಯ ಆಸೆಗೆ ತಟ್ಟೆಯನ್ನಷ್ಟೇ ಮುಂದೆ ಚಾಚಿದ.

ಅದೇ ವಾರ ನಂದನನ ಊರು ಹೇರೂರಿನಿಂದ ಅತ್ತೆಯ ಫೋನು ಬಂದಿತ್ತು. ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಲು ದರಕು ಸಾಲದು, ಗುಡಿಸಿ ತರುವವರು ಸಿಗುತ್ತಿಲ್ಲ, ಪೇಟೆಯಲ್ಲಾದರೆ ಅದನ್ನು ಸುಮ್ಮನೆ ಸುಡುತ್ತಾರಂತೆ, ಎರಡು ಚೀಲ ಕಳಿಸಬಹುದಾ ಎಂದು ಕೇಳಿದ್ದರು. ದರಕೆಂದರೆ ಒಣ ಎಲೆ ಎಂದು ತಿಳಿದಾಗ ಪರಿಮಳೆಗೆ ನಗು ತಡೆಯಲಾಗಲಿಲ್ಲ.

"ಅತ್ತೆ, ಕಸವನ್ನ ಯಾರಾದ್ರೂ ಬಸ್ಸಲ್ಲಿ ಕಳಿಸ್ತಾರಾ?"

"ಅಡ್ಡಿಲ್ಲೆ," ಎಂದು ಅತ್ತೆ ಫೋನಿಟ್ಟಿದ್ದರು. ಅವರ ಅಡ್ಡಿಲ್ಲೆಯೊಳಗೆ ಎಷ್ಟು ಅಡ್ಡಿ ಇರುತ್ತದೆಂದು ಸೊಸೆಗೆ ಇನ್ನೂ ಗೊತ್ತಿರಲಿಲ್ಲ.

ಉದ್ಯಮವೇನೋ ಬಿರುಗಾಳಿಯಂತೆ ಹೊರಟಿತು. ಲಗೇಜ್ ಆಟೋದ ಬೈರ ಗೊತ್ತಾದ. ಮನೆಮನೆಯವರು ಗೇಟು ತೆರೆದು, ಚಹಾ ಕೊಟ್ಟು, ಎಲೆ ತುಂಬಿ ಕಳಿಸಿದರು. ಮೊದಲ ಆಟೋ ಊರಾಚೆಯ ಕಸದ ಅಂಗಳಕ್ಕೆ ಹೋಯಿತು. ಹೋದಷ್ಟೇ ವೇಗದಲ್ಲಿ ತುಂಬಿಕೊಂಡೇ ವಾಪಸು ಬಂತು. ಪರವಾನಗಿ ಇಲ್ಲದೆ ಒಳಗೆ ಬಿಡುವುದಿಲ್ಲವಂತೆ. ಎಲ್ಲಿ ಸುರಿಯಲಿ ಎಂದು ಬೈರ ಕೇಳಿದಾಗ ಪರಿಮಳೆ ತನ್ನ ಹಿತ್ತಲನ್ನೇ ತೋರಿಸಿದಳು: ಇವತ್ತೊಂದು ದಿನ. ಮೂರು ದಿನದಲ್ಲಿ ಹನ್ನೊಂದು ಸಲ 'ಇವತ್ತೊಂದು ದಿನ' ಆಯಿತು. ಊರ ಹಾವುಗಳಿಗೆಲ್ಲ ಒಂದೇ ಛತ್ರ ಕಟ್ಟಿದಂತೆ, ಗುಡ್ಡೆ ಅಡಿಗೆಮನೆಯ ಕಿಟಕಿಯವರೆಗೆ ಏರಿತು. ಅಂಗಳದಲ್ಲಿ ಆಡಬೇಕಾದ ಕೂಸು ಈಗ ಮಂಚ ಬಿಟ್ಟು ಇಳಿಯುವಂತಿಲ್ಲ.

ಮಗುವನ್ನು ಸೊಂಟಕ್ಕೇರಿಸಿ ಪರಿಮಳೆ ನಗರಸಭೆಯ ಕಚೇರಿಗೆ ಓಡಿದಳು. ಹಾವೇರಿ ಕಡೆಯ ಗುಮಾಸ್ತ ಶಿವಪುತ್ರಪ್ಪ "ಬರ್ರಿ, ಕೂಡ್ರಿ" ಎಂದು ಕುರ್ಚಿ ಕೊಟ್ಟು, ಅರ್ಜಿ ಓದಿ, ಅಕ್ಷರ ಮುತ್ತಿನಂತಿದೆ ಎಂದು ಹೊಗಳಿದ. ಆಮೇಲೆ ಒಂದೊಂದಾಗಿ ನಿಯಮ ಬಿಚ್ಚಿದ. ವಾಹನಕ್ಕೆ ಅನುಮತಿ ಬೇಕು, ಮೇಲೆ ತಾಡಪಾಲು ಬೇಕು, ಎಲ್ಲಿ ಸುರಿಯುತ್ತೀರೆಂದು ಬರೆದುಕೊಡಬೇಕು. ಸುಡಬಹುದೇ? ಸುಡುವಂತಿಲ್ಲ.

"ಕಸ ಅಂತ ನೀವ ಬರದೀರಲ್ರಿ ಮೇಡಂ. ಕಸ ಅಂದ್ರ ಲೈಸೆನ್ಸ್ ಬೇಕಾಗ್ತದ. ಗೊಬ್ಬರಕ್ಕ ಅಂದಿದ್ರ ಈ ಅರ್ಜಿ ನನ್ನ ಟೇಬಲ್ಲಿಗೇ ಬರ್ತಿದ್ದಿಲ್ಲ."

ಪರಿಮಳೆಗೆ ಜ್ಞಾನೋದಯವಾಯಿತು. ತಪ್ಪು ಎಲೆಯದಲ್ಲ, ಹೆಸರಿನದು! ಮನೆಗೆ ಬಂದವಳೇ ಬೈರನಿಗೆ ಕಟ್ಟಪ್ಪಣೆ ಮಾಡಿದಳು: ಇನ್ನು ಯಾರೇ ಕೇಳಲಿ, ಕಸ ಎನ್ನಬಾರದು, ಗೊಬ್ಬರಕ್ಕೆ ಹೋಗುವುದು ಸೊಪ್ಪು ತಾನೆ, ಸೊಪ್ಪು ಎನ್ನಬೇಕು.

ಬೈರ ಹೇಳಿದ ಮಾತು ಮೀರುವವನಲ್ಲ. ಹನ್ನೆರಡನೆಯ ಟ್ರಿಪ್ಪಿನಲ್ಲಿ ರಸ್ತೆ ಬದಿಯಲ್ಲಿ ನಿಂತಿದ್ದ ಫಾರೆಸ್ಟ್ ಗಾರ್ಡ್ ಏನಿದು ಎಂದು ಕೇಳಿದ್ದಕ್ಕೆ ಎದೆಯುಬ್ಬಿಸಿ "ಸೊಪ್ಪು" ಎಂದ. ಮೇಲುಗಡೆ ಮತ್ತಿ ಎಲೆ ಬೇರೆ ಸಾಕ್ಷಿ ಹೇಳುವಂತೆ ಕೂತಿತ್ತು. ಸೊಪ್ಪೆಂದರೆ ಕಾಡಿನದು, ಕಾಡಿನದೆಂದರೆ ಪಾಸು ಬೇಕು. ಗಾರ್ಡ್ ಆಟೋದ ಹಿಂದೆಯೇ ಮನೆಗೆ ಬಂದು, ಹಿತ್ತಲಿನ ಬೆಟ್ಟವನ್ನು ಕಂಡು, ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. ಇಷ್ಟೂ ನೆರೆಮನೆಯವರ ಅಂಗಳದ್ದೆಂದು ಪರಿಮಳೆ ಆಣೆ ಮಾಡಿದಳು.

"ಯಾರದಾದ್ರೂ ತೋಟದ ಮನೆ ಕೊಟ್ಟಿಗೆಗೆ ಹೋಗದಾದ್ರೆ ನಂದೆಂತ ತಕರಾರಿಲ್ಲ. ಅವ್ರ ಹತ್ರ ಒಂದು ಮಾತು ಹೇಳ್ಸಿ. ಇಲ್ಲಾಂದ್ರೆ ಸಾಹೇಬ್ರು ಬಂದು ನೋಡೋವರೆಗೆ ಒಂದೆಲೆ ಅಲ್ಲಾಡಂಗಿಲ್ಲ."

ಆಗ ಒಂದೆಲೆ ಅಲ್ಲಾಡಿತು. ಗುಡ್ಡೆಯ ಬುಡದಲ್ಲಿ ಸರಸರ ಸದ್ದು. ಬೈರ ಬಗ್ಗಿ ನೋಡಿ, "ಹಾವು..." ಎಂದ.

ಮರುಕ್ಷಣ ಪರಿಮಳೆ ಮಗಳ ಸಮೇತ ಬಟ್ಟೆ ಒಗೆಯುವ ಕಲ್ಲಿನ ಮೇಲಿದ್ದಳು. ಗಾರ್ಡೂ ಅಲ್ಲೇ ಇದ್ದ.

"...ರಾಣಿ, ಅಮ್ಮಾ," ಎಂದು ಬೈರ ಮಾತು ಮುಗಿಸಿದ. ಮಿರಿಮಿರಿ ಮಿಂಚುವ ಹಾವುರಾಣಿಯೊಂದು, ಹಲ್ಲಿಯ ದೊಡ್ಡಕ್ಕನಂಥ ನಿರಪರಾಧಿ ಜೀವ, ಎಲ್ಲರನ್ನೂ ಒಮ್ಮೆ ನೋಡಿ ಎಲೆಯೊಳಗೆ ಮರೆಯಾಯಿತು. ಸಮೃದ್ಧಿ ಚಪ್ಪಾಳೆ ತಟ್ಟಿದಳು.

ಇಂದು ರಾಣಿ ಬಂದಿದೆ. ನಾಳೆ ರಾಜ ಬಂದರೆ? ಪರಿಮಳೆ ಕಲ್ಲಿನಿಂದ ಇಳಿದು ನೇರ ಫೋನಿನ ಬಳಿಗೆ ನಡೆದಳು. ಮೂರು ಸಲ ರಿಸೀವರ್ ಎತ್ತಿ ಇಟ್ಟಳು. ಆಗಷ್ಟೇ ಕಾಲೇಜಿನಿಂದ ಬಂದ ನಂದನ, ಬೇಕಾದರೆ ತಾನೇ ಮಾತಾಡುತ್ತೇನೆ ಎಂದ. ಬೇಡವೆಂದು ತಲೆಯಾಡಿಸಿ ಹೇರೂರಿನ ನಂಬರು ತಿರುಗಿಸಿದಳು.

"ಅತ್ತೆ, ಆನು ಪರಿಮಳಾ." ಮದುವೆಯಾದ ಮೂರು ವರ್ಷದಲ್ಲಿ ಅವಳ ಬಾಯಲ್ಲಿ 'ನಾನು' ಹೋಗಿ ಅತ್ತೆಮನೆಯ 'ಆನು' ಬಂದದ್ದು ಅದೇ ಮೊದಲು. "ಇಲ್ಲಿ ಸ್ವಲ್ಪ ದರಕು ಇದ್ದು."

"ಎಷ್ಟು ಚೀಲ?"

ಪರಿಮಳೆ ಕಿಟಕಿಯತ್ತ ನೋಡಿದಳು. ಅಲ್ಲಿ ಆಕಾಶ ಕಾಣುತ್ತಿರಲಿಲ್ಲ.

"ಚೀಲ ಅಲ್ಲ ಅತ್ತೆ. ಹನ್ನೆರಡು ಆಟೋ."

ಆ ಕಡೆ ಎಮ್ಮೆಯೊಂದು ಕೂಗಿದ್ದು ಕೇಳಿಸಿತು. ಆಮೇಲೆ ಅತ್ತೆಯ ದನಿ, ಜೋನಿಬೆಲ್ಲದಷ್ಟು ಮೆತ್ತಗೆ:

"ಅಡ್ಡಿಲ್ಲೆ ಕೂಸೆ. ಬಸ್ಸಲ್ಲೇ ಕಳಿಸ್ತ್ಯನೆ?"