ಬರ್ರೀ ಎಂದು ಕರೆದ ದೆವ್ವ

ಶಹಾಬಾದಿನಲ್ಲಿ ನಮ್ಮ ಕಾಕಾನ ಬಾಯಿಂದ ‘ನೀನು’ ಅನ್ನಿಸಿಕೊಂಡ ಜೀವಿ ಒಂದೂ ಇರಲಿಲ್ಲ. ಎಮ್ಮೆ, ನಾಯಿ, ಇಲಿಗಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಉತ್ಪ್ರೇಕ್ಷೆ ಅನ್ನಬೇಡಿ, ನಾನು ಕಂಡದ್ದಕ್ಕಿಂತ ಒಂದೆಳ್ಳು ಹೆಚ್ಚು ಹೇಳುವವನಲ್ಲ. ಅಂಗಳಕ್ಕೆ ನುಗ್ಗಿ ಮೆಂತ್ಯದ ಮಡಿ ಮೇಯುತ್ತಿದ್ದ ಎಮ್ಮೆಯೆದುರು ಕಾಕಾ ಕೈಮುಗಿದು, “ಸಾಕ್ ಮಾಡ್ರೀ, ಈಗ ಹೊರಗ ನಡೀರಿ” ಎಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಎಮ್ಮೆ ತಲೆಯೆತ್ತಿ ಅವರನ್ನೇ ನೋಡಿತು. ಅಷ್ಟು ಮರ್ಯಾದೆ ಅದಕ್ಕೆ ತನ್ನ ಮಾಲೀಕನ ಮನೆಯಲ್ಲೂ ಸಿಕ್ಕಿರಲಿಲ್ಲವೇನೋ, ಅಲ್ಲೇ ಮಲಗಿಬಿಟ್ಟಿತು!

ಇದಕ್ಕೆ ಕಾರಣವಿದೆ. ಕಾಕಾ ಮೊನ್ನೆಮೊನ್ನೆಯವರೆಗೆ ಪಕ್ಕದ ವಾಡಿ ಊರಿನ ಒಂದು ಬಟ್ಟೆ ಅಂಗಡಿಯಲ್ಲಿದ್ದರು. ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ಕರೆಯುವುದೇ ಅವರ ಕೆಲಸ. “ಬರ್ರೀ, ಬರ್ರೀ, ಕುಂದ್ರಿ, ತಗೋಳೋದು ಆಮ್ಯಾಲ, ಮೊದಲ ನೋಡ್ರಿ!” ಒಂದು ಆಯುಷ್ಯವೆಲ್ಲ ಹೀಗೆ ಕರೆದು ಕರೆದು ನಾಲಿಗೆ ಆ ಅಚ್ಚಿಗೇ ಇಳಿದುಬಿಟ್ಟಿತ್ತು. ಕೆಲಸ ಬಿಟ್ಟರು, ‘ರೀ’ ಅವರನ್ನು ಬಿಡಲಿಲ್ಲ. ಬೀದಿನಾಯಿ ಮೀನಖಂಡಕ್ಕೆ ಬಾಯಿ ಹಾಕಿದಾಗಲೂ ಅವರು ಕೇಳಿದ್ದು, “ಯಾಕ್ರೀ, ನನ್ನಿಂದ ಏನ್ ತಪ್ಪಾತ್ರೀ?”

ಒಳಗಿಂದ ಕಾಕಿ ಕೂಗಿದರು. “ನಾಯಿ ಜೋಡಿ ಪಂಚಾಯ್ತಿ ಆಮ್ಯಾಲ ಮಾಡೀರಂತ, ಮೊದಲ ಹೋಗಿ ಸೂಜಿ ಹಾಕ್ಸಿಕೊಂಡು ಬರ್ರಿ!”

ಇಂಥ ಮನುಷ್ಯ ಮಕ್ಕಳಿಗಾಗಿ ದೆವ್ವದ ಸಿನಿಮಾದ ಟ್ರೇಲರ್ ಮಾಡಲು ಹೊರಟರೆ ಏನಾಗಬೇಕು? ಆದದ್ದನ್ನು ಹೇಳುತ್ತೇನೆ.

ನಮ್ಮ ಓಣಿಯ ಹಿಂದೆ ಒಂದು ಹಳೆಯ ಫರಸಿಕಲ್ಲಿನ ಖಣಿ ಇದೆ. ಕಲ್ಲು ತೆಗೆಯುವುದು ನಿಂತು ಎಷ್ಟೋ ಕಾಲವಾಯಿತು. ಮಳೆನೀರು ನಿಂತು ನಿಂತು ಹಸಿರಾಗಿದೆ. ಕಲ್ಲನ್ನು ಪದರು ಪದರಾಗಿ ತೆಗೆದದ್ದರಿಂದ ಅಂಚಿನಲ್ಲಿ ಯಾರೋ ಕಟ್ಟಿಸಿದ ಹಾಗೆ ಅಗಲವಾದ ಮೆಟ್ಟಿಲುಗಳಿವೆ. ಇಳಿಯುವವರಿಗೆ ಅದು ಬಾವಿಯಲ್ಲ, ಯಾವುದೋ ಅರಮನೆಯ ಕೊಳ ಅನ್ನಿಸಬೇಕು. ಆದರೆ ಕೊನೆಯ ಮೆಟ್ಟಿಲಿನ ಆಚೆ ಮೆಟ್ಟಿಲೇ ಇಲ್ಲ. ಹೋದ ಬೇಸಿಗೆಯಲ್ಲಿ ಕಾಲೇಜು ಹುಡುಗನೊಬ್ಬ ಅಲ್ಲಿ ಜಾರಿದ. ಹಗ್ಗ ಇಳಿಬಿಟ್ಟು ಮೇಲೆತ್ತಿದೆವು, ಬದುಕಿದ. ಹಗ್ಗ ಹಿಡಿದವರಲ್ಲಿ ನಾನೂ ಇದ್ದೆ, ಕಾಕಾನೂ ಇದ್ದರು. ಆ ದಿನದ ಬಗ್ಗೆ ನಾವಿಬ್ಬರೂ ಮಾತಾಡಿಲ್ಲ.

ಈ ವರ್ಷ ಶಾಲೆಗೆ ಸೂಟಿ ಬಿಟ್ಟ ಕೂಡಲೇ ಓಣಿಯ ಸಣ್ಣ ಮಕ್ಕಳೆಲ್ಲ ಖಣಿಯ ಕಡೆ ಮುಖ ಮಾಡಿದರು. ಮೇ ತಿಂಗಳ ನಮ್ಮ ಬಿಸಿಲು ಗೊತ್ತಲ್ಲ? ನೆರಳೂ ನೆರಳು ಹುಡುಕಿಕೊಂಡು ಹೋಗುವ ಬಿಸಿಲು! ಬೈದರೆ ಕೇಳಲಿಲ್ಲ. ‘ಅಪಾಯ, ಈಜಬಾರದು’ ಎಂದು ಬರೆದ ಫಲಕವೊಂದನ್ನು ಯಾರೋ ನಿಲ್ಲಿಸಿದರು. ಮಕ್ಕಳು ಅದಕ್ಕೆ ಅಂಗಿ ಚಡ್ಡಿ ತೂಗುಹಾಕಿದರು.

ಆಗ ಕಾಕಾಗೆ ವಿಚಾರ ಹೊಳೆಯಿತು. ಕಟ್ಟೆಯ ಮೇಲೆ ಮಕ್ಕಳೆಲ್ಲ ಒಂದು ಮೊಬೈಲಿಗೆ ಮುತ್ತಿಕೊಂಡು ಯಾವುದೋ ದೆವ್ವದ ಟ್ರೇಲರ್ ನೋಡುತ್ತ ಕಿರುಚುತ್ತಿದ್ದದ್ದನ್ನು ಅವರು ಕಂಡಿದ್ದರು. ಸೀದಾ ನಮ್ಮ ಮನೆಗೆ ಬಂದರು.

“ನೋಡ್ರಿ, ನಾವು ಹೇಳಿದ್ರ ಅಂಜಂಗಿಲ್ಲ. ಮೊಬೈಲ್ ಹೇಳಿದ್ರ ಅಂಜ್ತಾರ. ನಮ್ಮ ಖಣ್ಯಾಗ ದೆವ್ವ ಅದ ಅಂತ ಒಂದು ಟ್ರೇಲರ್ ಮಾಡೋಣ್ರಿ. ನಿಮ್ಮ ಮೊಬೈಲಿನ ಕ್ಯಾಮೆರಾ ಚಲೋ ಅದ.”

ಹೌದು, ಸ್ವಂತ ಅಣ್ಣನ ಮಗನಾದ ನನಗೂ ‘ರೀ’ಯೇ.

“ಆತು ಕಾಕಾ. ಸಿನಿಮಾ ಯಾವಾಗ ಮಾಡೋದು?”

“ಸಿನಿಮಾ ಯಾಕ್ರೀ? ಟ್ರೇಲರ್ ನೋಡೇ ಅಂಜಿದ್ರ ಸಿನಿಮಾ ನೋಡ್ಲಿಕ್ಕ ಯಾರ್ ಬರ್ತಾರ್ರೀ?”

ಚಿತ್ರರಂಗದ ಇತಿಹಾಸದಲ್ಲಿ ಇಷ್ಟು ಸ್ಪಷ್ಟವಾಗಿ ಯೋಚಿಸಿದ ನಿರ್ಮಾಪಕ ಇರಲಿಕ್ಕಿಲ್ಲ!

ಮೊದಲು ಎದುರಾದದ್ದು ಅಳತೆಯ ಪ್ರಶ್ನೆ. ಮಕ್ಕಳನ್ನು ಎಷ್ಟು ಹೆದರಿಸಬೇಕು? ಕಾಕಿ ಒಲೆಯ ಮುಂದಿನಿಂದಲೇ ಎಚ್ಚರಿಸಿದರು. “ಭಾಳ ಅಂಜ್ಸಿದ್ರ ಹಾಸಿಗ್ಯಾಗ ಉಚ್ಚಿ ಹೊಯ್ಕೋತಾವ. ಆ ಹಾಸಗಿ ಎಲ್ಲಾ ಅವರವ್ವಂದಿರು ನಿಮ್ಮ ಕಡೀಂದೇ ಒಗಸ್ತಾರ, ನೋಡ್ರಿ ಮತ್ತ.” ಕಾಕಾ ಗಂಭೀರವಾಗಿ ಯೋಚಿಸಿ ತೀರ್ಮಾನ ಕೊಟ್ಟರು: ಹೆದರಿಕೆ ಖಣಿಯ ತನಕ ಹೋಗಬೇಕು, ಹಾಸಿಗೆಯ ತನಕ ಬರಬಾರದು.

ದೆವ್ವದ ಪಾತ್ರ ಕಾಕಾನದೇ. ಉಡುಪು ಹೊಲಿಯಲು ಪಕ್ಕದ ಮನೆಯ ಟೇಲರ್ ಮಾಸ್ಟರ್ ಒಪ್ಪಿದರು. ಅಳತೆ ತೆಗೆಯುತ್ತ ರೂಢಿಯಂತೆ ಕೇಳಿದರು, “ಕಿಸೆ ಇಡ್ಲೇನ್ರಿ ಕಾಕಾ?”

“ದೆವ್ವಕ್ಕ ಕಿಸೆ ಯಾಕ್ರೀ ಮಾಸ್ಟರ್?”

“ಚಷ್ಮಾ ಎಲ್ಲಿ ಇಡ್ತೀರಿ ಮತ್ತ?”

ಕಾಕಾ ಚಷ್ಮಾ ಮುಟ್ಟಿ ನೋಡಿಕೊಂಡು, “ಒಂದೇ ಇಡ್ರಿ. ಬಲಕ್ಕ” ಎಂದರು. ಮಾಸ್ಟರರ ಮಗಳು ಮುನ್ನಿ, ಮೂರನೆಯ ಇಯತ್ತೆ ಓದುವ ಹುಡುಗಿ, ಮಷಿನ್ನಿನ ಕೆಳಗೆ ಕುಳಿತು ಚಿಂದಿ ಆರಿಸುತ್ತಿದ್ದಳು. ಅಂಗಿ ನಿಜವಾದ ದೆವ್ವಕ್ಕೇ ಎಂದು ತಿಳಿದ ಅವಳು ತಲೆ ಹೊರಗೆ ಹಾಕಿ ಅಪ್ಪನನ್ನು ಕೇಳಿದಳು: “ಅಬ್ಬಾ, ದೆವ್ವಕ್ಕ ಒಂದೇ ಅಂಗೀನಾ? ಒಗದಾಗ ಏನ್ ಹಾಕೋತದ?”

ಚಿತ್ರೀಕರಣ ಹಾಡುಹಗಲೇ ನಡೆಯಿತು. ರಾತ್ರಿ ಖಣಿಗೆ ಹೋಗಲು ದೆವ್ವಕ್ಕೇ ಧೈರ್ಯವಿರಲಿಲ್ಲ. ಹಗಲು ತೆಗೆದದ್ದನ್ನು ಮೊಬೈಲಿನಲ್ಲಿ ಕತ್ತಲು ಮಾಡಿದರಾಯಿತು ಎಂದೆ ನಾನು. ಮುಖಕ್ಕೆ ಬೆಳ್ಳಗೆ ಬಳಿಯಲು ಕಾಕಿಯ ಡಬ್ಬಿಯಿಂದ ಗೋಧಿ ಹಿಟ್ಟು ತಂದಿದ್ದೆವು. ಬಿಸಿಲಿಗೆ ಬೆವರಿಳಿಯಿತು. ಬೆವರೂ ಹಿಟ್ಟೂ ಸೇರಿ ಕಣಕವಾಯಿತು. ಇನ್ನೊಂದು ಗಳಿಗೆ ನಿಂತಿದ್ದರೆ ಕಾಕಾನ ಗಲ್ಲದ ಮೇಲೆ ಚಪಾತಿಯೇ ಉಬ್ಬುತ್ತಿತ್ತು!

ಮಾತು ಕಾಕಾನೇ ಬರೆದದ್ದು. ದೆವ್ವ ನೀರಿನಿಂದ ಎದ್ದಂತೆ ಬಂಡೆಯ ಹಿಂದಿನಿಂದ ಮೆಲ್ಲಗೆ ಏಳಬೇಕು, ಕೈ ಚಾಚಬೇಕು, ಕಣ್ಣು ಕೆಕ್ಕರಿಸಿ ಹೇಳಬೇಕು: ‘ನೀರಾಗ ಭಾಳ ಥಂಡಿ ಅದ… ಒಬ್ಬನೇ ಇದ್ದೀನಿ… ಬಾ…’ ಬರೆದದ್ದನ್ನು ಓದಿದಾಗ ನನಗೆ ನಿಜವಾಗಿಯೂ ಮೈ ಜುಮ್ಮೆಂದಿತ್ತು. ಕಾಕಾ ಎದ್ದರು, ಕೈ ಚಾಚಿದರು.

“ನೀರಾಗ ಭಾಳ ಥಂಡಿ ಅದರೀ… ಒಬ್ಬನೇ ಇದ್ದೀನ್ರೀ… ಬರ್ರೀ…”

“ಕಾಕಾ! ‘ಬಾ’ ಅನ್ರಿ. ಬರೇ ‘ಬಾ’.”

“ಗೊತ್ತಾತ್ರೀ, ಗೊತ್ತಾತು.” ಮತ್ತೆ ಬಂಡೆಯ ಹಿಂದೆ ಹೋದರು, ಮತ್ತೆ ಎದ್ದರು. “…ಒಬ್ಬನೇ ಇದ್ದೀನಿ… ಬಾ…” ನಾನು ಉಸಿರು ಬಿಗಿಹಿಡಿದೆ. ಇನ್ನೇನು ಮುಗಿಯಿತು ಅನ್ನುವಾಗ ಹಿಂದಿನಿಂದ, “…ರ್ರೀ.”

ಅಷ್ಟರಲ್ಲಿ ಆಡು ಮೇಯಿಸುತ್ತಿದ್ದ ಭಂಕೂರದ ಮುದುಕಿಯೊಬ್ಬಳು ಅಲ್ಲಿಗೆ ಬಂದಳು. ಬಿಳಿ ನಿಲುವಂಗಿ, ಹಿಟ್ಟಿನ ಮುಖ, ಚಾಚಿದ ಕೈ, ಎಲ್ಲವನ್ನೂ ನಿಧಾನಕ್ಕೆ ನೋಡಿದಳು. ಕಾಕಾ ತಡವರಿಸಿ, “ಅಂಜಬ್ಯಾಡ್ರೀ ಅವ್ವಾರ” ಎಂದರು.

“ಅಂಜಿಕಿ ಎಲ್ಲೀದು! ವಾಡ್ಯಾಗ ನನ್ನ ಮಗಳ ಮದವಿ ಸೀರಿ ಕೊಡ್ಸಿದವ್ರು ನೀವೇ ಅಲ್ಲೇನು? ಆ ಸೀರಿ ಬಣ್ಣ ಬಿಟ್ಟದ ನೋಡ್ರಿ!”

ಆಮೇಲೆ ದೆವ್ವ ಬಹಳ ಹೊತ್ತು ಬಂಡೆಯ ಮೇಲೆ ಕುಳಿತು ಆ ಸೀರೆಯನ್ನು ಮೊದಲ ಸಲ ಉಪ್ಪಿನ ನೀರಿನಲ್ಲಿ ನೆನೆಸಬೇಕಿತ್ತೆಂದು ತಿಳಿಸಿ ಹೇಳಬೇಕಾಯಿತು.

ಕೊನೆಗೆ ‘ರೀ’ ಸಮೇತವೇ ಟ್ರೇಲರ್ ಸಿದ್ಧವಾಯಿತು. ನಾನು ಕತ್ತಲು ಹಾಕಿದೆ, ಗಾಳಿಯ ಸದ್ದು ಹಾಕಿದೆ, ಗೂಬೆಯ ಕೂಗು ಹಾಕಿದೆ. ಕಾಕಾನ ಪಡಸಾಲೆಯ ಟಿವಿಯಲ್ಲಿ ಓಣಿಯ ಮಕ್ಕಳಿಗೆಲ್ಲ ತೋರಿಸಿದೆವು. ಗಾಳಿ ಬೀಸಿತು, ಮಕ್ಕಳು ಒತ್ತಿ ಕುಳಿತರು. ಗೂಬೆ ಕೂಗಿತು, ಒಬ್ಬ ಹುಡುಗ ಕಣ್ಣು ಮುಚ್ಚಿಕೊಂಡ. ಕಾಕಾ ನನ್ನ ತೊಡೆ ಚಿವುಟಿದರು. ದೆವ್ವ ಎದ್ದು ಬಾಯಿ ತೆರೆಯಿತು. “ಭಾಳ ಥಂಡಿ ಅದರೀ… ಬರ್ರೀ…”

ಪಡಸಾಲೆಯ ಮೂಲೆಯಿಂದ ಮುನ್ನಿಯ ಧ್ವನಿ: “ಅಯ್ಯ, ಪಾಪ!”

ಅಷ್ಟೇ, ಮುಗಿಯಿತು! ಎಲ್ಲರೂ ಪಾಪ ಪಾಪ ಎನ್ನತೊಡಗಿದರು. ಪ್ರಶ್ನೆಗಳ ಸುರಿಮಳೆ. ಅದಕ್ಕೆ ಮನೆ ಇಲ್ಲವೇ? ಅವ್ವ ಅಪ್ಪ ಇಲ್ಲವೇ? ಊಟ ಏನು ಮಾಡುತ್ತದೆ? ಮರುದಿನದಿಂದ ಓಣಿಯಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಕರೆಯುವುದೇ “ಬರ್ರೀ…” ಎಂದು, ಕೈ ಚಾಚಿಕೊಂಡು. ಕಾಕಿ ಊಟಕ್ಕೆ ಕರೆಯುವಾಗಲೂ ಅದೇ ರಾಗ ಹಿಡಿದರು. ಕಾಕಾ ಎರಡು ತುತ್ತು ಉಂಡು ಎದ್ದುಹೋದರು.

“ಒಂದು ಕೂಸರೆ ಅಂಜಬೇಕಿತ್ರೀ,” ಎಂದರು ನನಗೆ. ನಗುತ್ತಿದ್ದ ನಾನು ಅವರ ಮುಖ ನೋಡಿ ನಗು ನಿಲ್ಲಿಸಿದೆ. “ಇನ್ನೊಮ್ಮೆ ತೆಗ್ಯೋಣ್ರಿ. ಈ ಸಲ ಮಾತೇ ಬ್ಯಾಡ. ಬರೇ ನಗ್ತೀನಿ.”

ಹಾಗೆ ನಾವು ಇನ್ನೊಂದು ಮಧ್ಯಾಹ್ನ ಖಣಿಗೆ ಹೋದೆವು. ಇಲ್ಲಿಂದ ಮುಂದೆ ನಾನು ಕಂಡದ್ದನ್ನು ಕಂಡ ಕ್ರಮದಲ್ಲಿಯೇ ಹೇಳಬೇಕು. ಕಾಕಾ ಮೇಲಿನ ಅಂಚಿನಲ್ಲಿ ನಿಲುವಂಗಿ ಏರಿಸುತ್ತಿದ್ದರು. ನಾನು ಮೊಬೈಲಿನ ಗಾಜು ಒರೆಸುತ್ತಿದ್ದೆ. ಕೆಳಗಿನಿಂದ ಒಂದು ಸಣ್ಣ ಧ್ವನಿ ಕೇಳಿಸಿತು. ಬಗ್ಗಿ ನೋಡಿದೆ. ನೀರಿಗೆ ತೀರ ಹತ್ತಿರದ ಮೆಟ್ಟಿಲಿನ ಮೇಲೆ ಮುನ್ನಿ ನಿಂತಿದ್ದಳು. ಅವಳ ತಲೆಯ ಮೇಲೆ ಒಂದು ಕೌದಿ ಇತ್ತು. ಅಪ್ಪನ ಅಂಗಡಿಯ ಚಿಂದಿಗಳಿಂದ ಅವಳವ್ವ ಹೊಲಿದ, ಅವಳು ದಿನಾ ಹೊದೆಯುವ ಕೌದಿ. ಅದರ ಒಂದು ತುದಿ ಕಾಲಿಗೆ ತೊಡರುತ್ತಿತ್ತು. ಅವಳು ನೀರಿಗೆ ಹೇಳುತ್ತಿದ್ದಳು: “ದೆವ್ವಾ, ಓ ದೆವ್ವಾ… ಥಂಡಿ ಅಂದಿದ್ರಲ್ಲ, ಕೌದಿ ತಂದೀನ್ರಿ. ತಗೋರಿ.”

ಆ ಮೆಟ್ಟಿಲು ಹಸಿರುಗಟ್ಟಿತ್ತು. ಅವಳು ಮುಂದಿನ ಮೆಟ್ಟಿಲಿಗೆಂದು ಕಾಲೆತ್ತಿದಳು. ಮುಂದಿನ ಮೆಟ್ಟಿಲು ಇರಲಿಲ್ಲ. ಹೌದು, ಅಲ್ಲಿ ನಿಂತು ನೋಡುತ್ತಿದ್ದ ನನ್ನಿಂದ ಒಂದು ಶಬ್ದವೂ ಹೊರಡಲಿಲ್ಲ.

“ಏ ಪೋರಿ! ನಿಂದರಲ್ಲೇ! ಒಂದ್ ಹೆಜ್ಜಿ ಇಟ್ಟಿ ಅಂದ್ರ ಕಾಲ್ ಮುರದ್ ಕೈಯಾಗ್ ಕೊಡ್ತೀನಿ!”

ಯಾರು ಕೂಗಿದರೆಂದು ನಾನು ತಿರುಗಿ ನೋಡಿದೆ. ಅಲ್ಲಿ ಕಾಕಾನ ಹೊರತು ಇನ್ನೊಬ್ಬರಿರಲಿಲ್ಲ. ಖಣಿಯ ನಾಲ್ಕೂ ಗೋಡೆ ಆ ಮಾತನ್ನು ತಿರುಗಿ ತಿರುಗಿ ಹೇಳಿದವು. ಪಾರಿವಾಳಗಳು ಒಮ್ಮೆಲೇ ಎದ್ದುಹೋದವು. ಮುನ್ನಿ ನಿಂತಲ್ಲೇ ಕುಕ್ಕರಿಸಿ ಕೌದಿಯಲ್ಲಿ ಮುಖ ಮುಚ್ಚಿಕೊಂಡಳು. ಕಾಕಾ ನಿಲುವಂಗಿ ಎತ್ತಿ ಹಿಡಿದು, ಕುಳಿತು ಕುಳಿತು ಜಾರುತ್ತ, ಕೆಳಗಿಳಿದು ಅವಳನ್ನು ಕೌದಿ ಸಮೇತ ಎತ್ತಿಕೊಂಡು ಬಂದರು. ದಾರಿಯುದ್ದಕ್ಕೂ ಅವಳು ಅತ್ತಳು.

ಅಂದು ಸಂಜೆ ಮುನ್ನಿಗೆ ಜ್ವರ ಬಂತು. ಹುಡುಗಿ ಅಂಜಿದ್ದಾಳೆಂದು ಅವಳವ್ವ ದರ್ಗಾದಿಂದ ದಾರ ತಂದು ಕಟ್ಟಿದರು. ಒಂದು ಮಗುವನ್ನಾದರೂ ಅಂಜಿಸಬೇಕೆಂದು ಬೇಸಿಗೆಯಿಡೀ ಒದ್ದಾಡಿದ ಮನುಷ್ಯ, ಒಂದು ಮಗು ನಿಜವಾಗಿ ಅಂಜಿತೆಂದು ಕೇಳಿ ಊಟ ಬಿಟ್ಟರು. ಮಾಸ್ಟರರ ಮನೆಯ ಕಟ್ಟೆಯ ಮೇಲೆ ಹೋಗಿ ಕುಳಿತರು. ಒಳಗೆ ಹೋಗಲು ಒಪ್ಪಲಿಲ್ಲ.

“ಕಾಕಾ, ನೀವು ಒದರದಿದ್ರ ಇವತ್ತ ನನ್ನ ಮನ್ಯಾಗ ಮಗಳು ಇರ್ತಿದ್ದಿಲ್ಲ. ಒಳಗ ಬರ್ರಿ,” ಎಂದು ಮಾಸ್ಟರ್ ಕೈ ಹಿಡಿದು ಎಳೆದರು.

“ಆಕಿ ಅಂಜತಾಳ್ರೀ ಮಾಸ್ಟರ್. ನಾ ಇಲ್ಲೇ ಇರ್ತೀನಿ.”

ಜ್ವರ ಇಳಿದ ಮೇಲೆ ಒಂದು ಸಂಜೆ ಮುನ್ನಿ ತಾನೇ ಹೊರಗೆ ಬಂದಳು. ಓಣಿಯ ಮಕ್ಕಳು ಸುತ್ತ ನೆರೆದಿದ್ದರು. ಕಾಕಾ ಎದ್ದು ನಿಂತರು. ಅವಳು ಸ್ವಲ್ಪ ದೂರದಲ್ಲೇ ನಿಂತು ಅವರನ್ನು ಮೇಲಿನಿಂದ ಕೆಳಗೆ ನೋಡಿದಳು.

“ಕಾಕಾ, ನೀವು ನನ್ನ ಎತ್ಗೊಂಡಾಗ ನಿಮ್ಮ ಕೈ ಗಡಗಡ ನಡಗ್ಲಿಕತ್ತಿದ್ವು.”

“ಹೌದ್ರಿ.”

“ನಿಮಗ ಖರೇ ದೆವ್ವ ಕಂಡಿತ್ತೇನ್ರಿ?”

“ಇಲ್ರಿ,” ಎಂದರು ಕಾಕಾ. “ನೀವು ಕಂಡಿದ್ರಿ.”

ಮುನ್ನಿ ಹತ್ತಿರ ಬಂದು ಅವರ ಕಿರುಬೆರಳು ಹಿಡಿದುಕೊಂಡು, ಮಕ್ಕಳ ಕಡೆ ತಿರುಗಿ ಗದರಿದಳು:

“ಏ, ಇನ್ಮ್ಯಾಲ ಯಾರೂ ಖಣಿ ಕಡಿ ಹೋಗಬ್ಯಾಡ್ರಿ. ಕಾಕಾಗ ಅಂಜಿಕಿ ಬರ್ತದ.”