ತೀವ್ರ ಪರಿಮಳದ ಜಾಗ ಖಾಲಿ ಇದೆ

ಗೃಹ ಕೈಗಾರಿಕಾ ಮಂಡಳಿಯ ನಿಯಮಾವಳಿಯ ಪ್ರಕಾರ, ತೀರಿಕೊಂಡ ವ್ಯಕ್ತಿಗೆ ಬಡಗಿ ಕೆಲಸ ಮುಂದುವರಿಸಲು ಅವಕಾಶವಿಲ್ಲ.

ಈ ಸಂಗತಿಯನ್ನು ಮಂಡಳಿಯ ಜವಾನ ಒಂದು ಮಂಗಳವಾರ ಬೆಳಿಗ್ಗೆ ಬಂದು ಬಡಗಿಯ ಹೆಂಡತಿಗೆ ತಿಳಿಸಿದ. ಅದು ಉಳಿದೆಲ್ಲ ಮಂಗಳವಾರಗಳಂಥದೇ ಒಂದು ಮಂಗಳವಾರ. ಅವಳು ಹಿತ್ತಲಿನ ನೈಲಾನ್ ಹಗ್ಗದ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಅವಳ ನಾದಿನಿ ಮೆಟ್ಟಿಲ ಮೇಲೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು.

"ಮೇಡಂ, ನಿಮ್ಮ ಯಜಮಾನರು ಕೆಲಸಕ್ಕೆ ಬರ್ತಾ ಇಲ್ಲ ಅಂತ ಮಂಡಳಿಯ ಗಮನಕ್ಕೆ ಬಂದಿದೆ," ಎಂದ ಜವಾನ.

"ಅವರು ಹೋಗಿ ಆರೇಳು ತಿಂಗಳಾಯ್ತಲ್ಲಪ್ಪಾ. ಮಣ್ಣಿಗೆ ನೀನೂ ಬಂದಿದ್ದೆ."

"ನಾನು ಬಂದಿದ್ದೆ ಮೇಡಂ. ಮಂಡಳಿ ಬಂದಿರಲಿಲ್ಲ."

ವಿಷಯ ಇಷ್ಟು: ಮಂಡಳಿಯ ಕಟ್ಟಡದ ಹಿಂದೆ ಒಂದು ಸಾಲು ಕೋಣೆಗಳಿವೆ. ಅದರಲ್ಲಿ ಕೊನೆಯದು ಬಡಗಿಯದು. ಕೋಣೆಯನ್ನು ಖಾಲಿ ಮಾಡಬೇಕು, ಇಲ್ಲವೇ ಮಂಡಳಿ ಒಪ್ಪಿದ ಬೇರೊಂದು ಕಸುಬನ್ನು ವಾರಸುದಾರರು ಅಲ್ಲಿ ನಡೆಸಬೇಕು.

ಬಡಗಿಯ ಹೆಂಡತಿ ದಿನವೂ ಮಧ್ಯಾಹ್ನ ಹೋಗಿ ಆ ಕೋಣೆಯ ಬಾಗಿಲು ತೆರೆದು ಸ್ವಲ್ಪ ಹೊತ್ತು ನಿಂತು ಬರುತ್ತಿದ್ದಳು. ಅಲ್ಲಿ ಕೆತ್ತಿದ ದೇವದಾರು ಮರದ ವಾಸನೆ ಇತ್ತು. ಮೊದಮೊದಲು ಅದು ಬಾಗಿಲವರೆಗೂ ಬಂದು ಎದುರುಗೊಳ್ಳುತ್ತಿತ್ತು. ಈಗೀಗ ಬೆಂಚಿನ ಹತ್ತಿರ ಬಗ್ಗಿದರೆ ಮಾತ್ರ ಸಿಗುತ್ತಿತ್ತು. ಬಡಗಿ ಬದುಕಿದ್ದಷ್ಟು ಕಾಲ ಸಂಜೆ ಮನೆಗೆ ಬರುವಾಗ ತಲೆಗೂದಲಲ್ಲಿ ಒಂದಾದರೂ ಮರದ ಸುರುಳಿ ಸಿಕ್ಕಿಸಿಕೊಂಡು ಬರುತ್ತಿದ್ದ. ಅವಳು ಅದನ್ನು ತೆಗೆದು, "ತಲೆಯೋ ಗುಬ್ಬಿಗೂಡೋ?" ಎಂದು ಬೈದು, ಆಮೇಲೆ ಊಟಕ್ಕೆ ಬಡಿಸುತ್ತಿದ್ದಳು.

ಅವಳಿಗೆ ಬರುತ್ತಿದ್ದ ಒಂದೇ ಕಸುಬು ಮೇಣದ ಬತ್ತಿ. ವಿಚಾರಿಸಿದಾಗ ಮಂಡಳಿಯಲ್ಲಿ ಸಿಕ್ಕ ಉತ್ತರ ಸ್ಪಷ್ಟವಾಗಿತ್ತು. ಸುವಾಸನೆಯ ಮೇಣದ ಬತ್ತಿಯಲ್ಲಿ ಮೂರು ದರ್ಜೆ. ಸೌಮ್ಯ ಪರಿಮಳದ ಜಾಗ ಅಧ್ಯಕ್ಷರ ಭಾವಮೈದುನರಿಗೆ ಹೋಗಿತ್ತು. ಅವರ ಪರಿಮಳ ಎಷ್ಟು ಸೌಮ್ಯವೆಂದರೆ ಇದುವರೆಗೆ ಯಾರ ಮೂಗಿಗೂ ಬಿದ್ದಿರಲಿಲ್ಲ. ಅವರ ಕೋಣೆಯ ತುಂಬ ಸಿಮೆಂಟಿನ ಚೀಲಗಳಿದ್ದವು. ಮಧ್ಯಮ ಪರಿಮಳ ಅಧ್ಯಕ್ಷರ ಷಡ್ಡಕರದು. ಅವರು ಕೋಣೆಯನ್ನು ಮಧ್ಯಮ ಬಾಡಿಗೆಗೆ ಕೊಟ್ಟಿದ್ದರು. ತೀವ್ರ ಪರಿಮಳದ ಜಾಗ ಮಾತ್ರ ಖಾಲಿ ಇತ್ತು.

ಬಡಗಿಯ ಹೆಂಡತಿ ಮೇಣ ಆರಿಸಲು ಕೂತಳು. ಪ್ಯಾರಾಫಿನ್ ಅಗ್ಗ, ಗಟ್ಟಿ, ಹೊಳಪು. ಜೇನುಮೇಣಕ್ಕೆ ಅದರದೇ ವಾಸನೆ, ಬೇರೆಯವರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸೋಯಾ ಮೇಣ ಮೆತ್ತಗಿನದು, ನಿಧಾನದ್ದು. ಆದರೆ ಕೊಟ್ಟ ಪರಿಮಳವನ್ನು ಹಿಡಿದಿಟ್ಟುಕೊಂಡು ಉರಿಯುವಾಗ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಅವಳು ಸೋಯಾ ಆರಿಸಿದಳು. ಒಲೆಯಿಂದ ಇಳಿಸಿ, ತುಸು ಆರಿದ ಮೇಲೆ ದೇವದಾರು ಎಣ್ಣೆ ಬೆರೆಸಿದಳು. ಕುದಿಯುವಾಗಲೇ ಹಾಕಿದರೆ ಪರಿಮಳವೆಲ್ಲ ಅಡುಗೆಮನೆಗೇ ಖರ್ಚು. ಬತ್ತಿ ಸಣ್ಣದಾದರೆ ಮೇಣದಲ್ಲಿ ಬಾವಿ ತೋಡಿಕೊಂಡು ಅದರಲ್ಲೇ ಮುಳುಗುತ್ತದೆ, ದಪ್ಪವಾದರೆ ಹೊಗೆಯುಗುಳುತ್ತದೆ. ಮೇಣ ಹೊಯ್ಯುವ ಗಾಜಿನ ಲೋಟದ ಬಾಯಿಯ ಅಗಲ ನೋಡಿ ಹೆಣೆದ ಹತ್ತಿಯ ಬತ್ತಿ ಹಾಕಿದಳು. ಎರಕ ಹೊಯ್ದು ಎರಡು ವಾರ ಮುಟ್ಟದೆ ಇಟ್ಟಳು. ಆಮೇಲೆ ಹಚ್ಚಿದಾಗ ಪಕ್ಕದ ಕೋಣೆಯಲ್ಲಿ ಮಲಗಿದ್ದ ನಾದಿನಿ ಎದ್ದು ಬಂದು, "ಅಣ್ಣ ಬಂದ್ನಾ?" ಎಂದು ಕೇಳಿ, ತಾನೇ ನಾಲಿಗೆ ಕಚ್ಚಿಕೊಂಡಳು.

ಮೇಣದ ಬತ್ತಿ ಸಿದ್ಧವಾಗಿತ್ತು. ಇನ್ನು ಮಂಡಳಿಯ ಸರದಿ.

ಮಂಡಳಿಯಲ್ಲಿ ಮೇಣದ ಬತ್ತಿಯನ್ನು ಮೇಣದ ಬತ್ತಿಯಾಗಿ ನೋಡುವ ವಿಭಾಗ ಇರಲಿಲ್ಲ. ಮೇಣಕ್ಕೆ ಒಂದು ವಿಭಾಗ, ಬತ್ತಿಗೆ ಒಂದು. ಮೇಣ ವಿಭಾಗ ಮೊದಲು ಲಕೋಟೆಗಳಿಗೆ ಅರಗಿನ ಮುದ್ರೆ ಒತ್ತುವ ವಿಭಾಗವಾಗಿತ್ತು. ಅರಗು ನಿಂತಿತು, ವಿಭಾಗ ನಿಲ್ಲಲಿಲ್ಲ. ಅಲ್ಲಿನ ಅಧಿಕಾರಿ ಹಿತ್ತಾಳೆಯ ಮುದ್ರೆಯನ್ನು ಅವಳ ಸೋಯಾ ಮೇಣಕ್ಕೆ ಒತ್ತಿದರು. ಮುದ್ರೆ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು.

"ಮಂಡಳಿಯ ಲಾಂಛನ ಮೂಡಿಲ್ಲಮ್ಮ. ಇದು ಮೇಣ ಅಲ್ಲ."

"ಸಾರ್, ಪರಿಮಳ ಹಿಡಿಯೋಕೆ ಮೆತ್ತಗಿರಬೇಕು."

"ಮೆತ್ತಗಿರೋರಿಗೆ ಇಲ್ಲಿ ಕಷ್ಟ," ಎಂದು ಅಧಿಕಾರಿ ಅನುಭವದಿಂದ ಹೇಳಿದರು.

ಬತ್ತಿ ವಿಭಾಗ ಮೊದಲು ಹಗ್ಗದ ವಿಭಾಗವಾಗಿತ್ತು. ಅಲ್ಲಿ ಬತ್ತಿಯನ್ನು ಕೊಕ್ಕೆಗೆ ಕಟ್ಟಿ ಐದು ಕಿಲೋ ತೂಕದ ಕಲ್ಲು ನೇತುಹಾಕುತ್ತಿದ್ದರು. ಅವಳ ಹತ್ತಿ ಬತ್ತಿ ಅರೆಕ್ಷಣ ಮರ್ಯಾದೆಗಾಗಿ ತಡೆದು, ಆಮೇಲೆ ತುಂಡಾಯಿತು. ಕಲ್ಲು ಅಧಿಕಾರಿಯ ಕಾಲಿನ ಪಕ್ಕ ಬಿತ್ತು.

ಪರಿಮಳದ ಪರೀಕ್ಷೆ ಅಧ್ಯಕ್ಷರ ಎದುರಿಗೇ ನಡೆಯುತ್ತಿತ್ತು. ಪಡಸಾಲೆಯ ಈ ತುದಿಯಲ್ಲಿ ಮೇಣದ ಬತ್ತಿ. ಆ ತುದಿಯಲ್ಲಿ, ಶೌಚಾಲಯದ ಬಾಗಿಲ ಪಕ್ಕದ ಸ್ಟೂಲಿನ ಮೇಲೆ, ಜವಾನ. ಅವನ ಮೂಗಿಗೆ ಬಂದರೆ ತೀವ್ರ. ಅವಳು ಬೆಂಕಿಪೊಟ್ಟಣ ತೆಗೆದಳು.

"ಅಯ್ಯೋ, ಏನು ಮಾಡ್ತಿದ್ದೀರಿ!" ಎಂದು ಅಧ್ಯಕ್ಷರು ಎದ್ದುನಿಂತರು. ಗೋಡೆಯ ಫಲಕದಲ್ಲಿ ಹೀಗಿತ್ತು: "ಈ ಕಟ್ಟಡದೊಳಗೆ ಯಾವುದೇ ಕಾರಣಕ್ಕೂ ಬೆಂಕಿ ಹಚ್ಚತಕ್ಕದ್ದಲ್ಲ. ಮೇಣದ ಬತ್ತಿಗಳಿಗೂ ಇದು ಅನ್ವಯಿಸುತ್ತದೆ."

ಹಚ್ಚದ ಮೇಣದ ಬತ್ತಿಯನ್ನು ಎದುರಿಗಿಟ್ಟು ಎಲ್ಲರೂ ಕಾದರು.

"ಏನಾದ್ರೂ ಬಂತೇನೋ?" ಎಂದು ಅಧ್ಯಕ್ಷರು ಕೂಗಿದರು.

"ಬರೋದು ಬರ್ತಾನೇ ಇದೆ ಸಾರ್. ಯಾವ ಕಡೆಯದು ಅಂತ ಹೇಳೋಕಾಗಲ್ಲ," ಎಂದು ಜವಾನ ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಇಡೀ ಕಟ್ಟಡದಲ್ಲಿ ಇಡಲು ಅನುಮತಿ ಇದ್ದ ದೀಪ ಅದೊಂದೇ.

ಮುಂದಿನ ಸೋಮವಾರ ಕೊನೆಯ ಅವಕಾಶ ಎಂದರು. ಇಲ್ಲದಿದ್ದರೆ ಬೀಗದ ಕೈ ವಾಪಸ್ಸು. ಆ ಕೋಣೆಗೆ ಅಧ್ಯಕ್ಷರ ಬೀಗರೊಬ್ಬರು ಆಗಲೇ ಅಳತೆ ತೆಗೆದುಕೊಂಡು ಹೋಗಿದ್ದರು.

ಮನೆಯಲ್ಲಿ ನಾದಿನಿ ಹಣೆ ಹಣೆ ಬಡಿದುಕೊಂಡಳು. "ಅತ್ತಿಗೆ, ನೀವು ಅವರಿಗೆ ದೀಪ ಕೊಡೋಕೆ ಹೋದ್ರಿ. ಅವರು ಕೇಳಿದ್ದು ಮುದ್ರೆ ಒತ್ತೋಕೆ ಒಂದು ಹಲಗೆ, ಕಲ್ಲು ನೇತುಹಾಕೋಕೆ ಒಂದು ಹಗ್ಗ. ಕೊಟ್ಟುಬಿಡಿ, ಮುಗೀತು." ಹೀಗೆಂದವಳೇ ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕುವ ನೈಲಾನ್ ಹಗ್ಗದಿಂದ ಒಂದು ಗೇಣು ಕತ್ತರಿಸಿ ತಂದಳು.

"ಇದು ಉರಿಯಲ್ಲ ಕಣೇ. ಕರಗಿ ಮುದ್ದೆಯಾಗತ್ತೆ."

"ಉರೀಬೇಕು ಅಂತ ಯಾರು ಹೇಳಿದ್ದಾರೆ?"

ಬಡಗಿಯ ಹೆಂಡತಿ ಯೋಚಿಸಿದಳು. ಯಾರೂ ಹೇಳಿರಲಿಲ್ಲ.

ಕಲ್ಲಿನಷ್ಟು ಗಟ್ಟಿ ಪ್ಯಾರಾಫಿನ್ನಿನಲ್ಲಿ ನೈಲಾನ್ ಹಗ್ಗ ನಿಲ್ಲಿಸಿ ಎರಕ ಹೊಯ್ದರು. ದೇವದಾರು ಎಣ್ಣೆಯನ್ನು ಎಷ್ಟು ಸುರಿದರೂ ಆ ಮೇಣ ಅದನ್ನು ಹೊರಗೆ ಬೆವರಿಸಿಬಿಟ್ಟಿತು. ಒರೆಸಿದರೆ ವಾಸನೆ ಒರೆಸಿದ ಬಟ್ಟೆಗೆ. ಇರಲಿ ಎಂದು ಬಿಟ್ಟು, ಲೋಟ ದಾರಿಯಲ್ಲಿ ಒಡೆಯದಿರಲೆಂದು ಬಡಗಿಯ ಹೆಂಡತಿ ಗಂಡ ಮಾಡಿಟ್ಟಿದ್ದ ಒಂದು ಸಣ್ಣ ಪೆಟ್ಟಿಗೆ ತೆಗೆದಳು. ಸುತ್ತ ತುಂಬಲು ಮರದ ಸುರುಳಿ ಬೇಕಿತ್ತು. ಬಡಗಿಯ ಕೋಣೆಯಲ್ಲಿ ಬೆಂಚಿನ ಕೆಳಗೆ ರಾಶಿ ಇತ್ತು. ಅವನ ಕೈಯಿಂದ ಬಿದ್ದವು. ಅವಳಿಗೆ ಅವನ್ನು ಮುಟ್ಟಲು ಮನಸ್ಸಾಗಲಿಲ್ಲ. ಗೋಡೆಗೆ ಒರಗಿಸಿದ್ದ ದೇವದಾರು ತುಂಡೊಂದನ್ನು ಬೆಂಚಿಗೆ ಹಾಕಿ, ಉಜ್ಜುಗೊರಡು ಎತ್ತಿಕೊಂಡು ತಾನೇ ಉಜ್ಜಿದಳು. ಮೊದಲು ಪುಡಿ ಬಂತು, ಆಮೇಲೆ ಚೂರು. ಕೈ ಸೋತು ಇನ್ನು ಸಾಕು ಎನ್ನುವ ಹೊತ್ತಿಗೆ ಉದ್ದನೆಯ ಒಂದು ಸುರುಳಿ ಬಂತು. ಸಾಕೆನ್ನಲಿಲ್ಲ.

ಸೋಮವಾರ ಮೇಣದ ಮೇಲೆ ಮಂಡಳಿಯ ಲಾಂಛನ ಅಚ್ಚುಕಟ್ಟಾಗಿ ಮೂಡಿತು. ನೈಲಾನ್ ಹಗ್ಗ ಐದು ಕಿಲೋ ಹೊತ್ತು, ಇನ್ನೂ ಐದನ್ನು ಹೊತ್ತು ತೂಗಾಡಿತು. "ಇದಪ್ಪಾ ಬತ್ತಿ ಅಂದ್ರೆ!" ಎನ್ನುವಾಗ ಬತ್ತಿ ವಿಭಾಗದ ಅಧಿಕಾರಿಯ ಕಣ್ಣು ತುಂಬಿ ಬಂತು. ಪಡಸಾಲೆಯಲ್ಲಿ ಅವಳು ಪೆಟ್ಟಿಗೆಯ ಮುಚ್ಚಳ ತೆಗೆದಳು.

ಆ ತುದಿಯಲ್ಲಿ ಜವಾನ ಸ್ಟೂಲಿನಿಂದ ಎದ್ದು ನಿಂತ.

"ಬಂತು ಸಾರ್!"

"ಏನು ಬಂತು?"

"ಬಡಗಿಯಣ್ಣ ಬಂದ ಹಾಗೆ ಬಂತು."

ಅಧ್ಯಕ್ಷರು ಯಾವುದನ್ನೂ ಪರಾಂಬರಿಸದೆ ಒಪ್ಪುವವರಲ್ಲ. ಮೇಣದ ಬತ್ತಿಯನ್ನು ಪೆಟ್ಟಿಗೆಯಿಂದ ತೆಗೆದು ತಮ್ಮ ಮೇಜಿನ ಖಾನೆಯೊಳಗೆ ಇಡಿಸಿದರು. ಜವಾನ ಈಗಲೂ ಬರುತ್ತಿದೆ ಎಂದ. ಮೇಣದ ಬತ್ತಿ ಇಲ್ಲದಿದ್ದಾಗಲೂ ಬರುವಷ್ಟು ತೀವ್ರ ಪರಿಮಳ ಎಂದು ಸಭೆ ತೀರ್ಮಾನಿಸಿತು.

"ಸಾರ್, ಅದು ಮೇಣದ್ದಲ್ಲ, ಮರದ ಸುರುಳಿಯದು," ಎಂದಳು ಅವಳು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಅಮ್ಮಾ, ಪಾಸಾದ ಮೇಲೆ ಕಾರಣ ಹೇಳಬಾರದು," ಎಂದು ಅಧ್ಯಕ್ಷರು ಮೆಲ್ಲಗೆ ಗದರಿಸಿದರು. ಬೀಗರ ಮುಖ ನೆನಪಾಗಿ ಅವರಿಗೂ ಸಂಕಟವಿತ್ತು. ಆದರೆ ತಮ್ಮ ಪರೀಕ್ಷೆಯನ್ನು ತಾವೇ ಸುಳ್ಳೆನ್ನುವಂತಿರಲಿಲ್ಲ.

ವಾರದೊಳಗೆ ಪ್ರಕಟಣೆ ಹೊರಬಿತ್ತು: "ಇನ್ನು ಮುಂದೆ ಎಲ್ಲ ದರ್ಜೆಯ ಮೇಣದ ಬತ್ತಿಗಳನ್ನೂ ಹೊಸದಾಗಿ ಉಜ್ಜಿದ ಮರದ ಸುರುಳಿಯಲ್ಲಿಟ್ಟೇ ಒಪ್ಪಿಸತಕ್ಕದ್ದು. ಗ್ರಾಹಕರು ಮೇಣದ ಬತ್ತಿಯನ್ನು ಹಚ್ಚಿ ಅದರ ಗುಣಮಟ್ಟ ಕೆಡಿಸಬಾರದಾಗಿ ವಿನಂತಿ." ಸುರುಳಿ ಒದಗಿಸಲು ಭಾವಮೈದುನರು ಮುಂದೆ ಬಂದು ಸಿಮೆಂಟ್ ಚೀಲ ಕತ್ತರಿಸಿ ತಂದರು. ಜವಾನ ಆ ತುದಿಯಿಂದಲೇ ಸೀನಿದ. ಕೆಲಸ ಬಡಗಿಯ ಹೆಂಡತಿಗೇ ಬಂತು. ಸುರುಳಿ ಉಜ್ಜಲು ಕೋಣೆಯೂ ಅವಳಿಗೇ ಉಳಿಯಿತು.

ಮೋಡ ಮುಸುಕಿದ ಒಂದು ಸಂಜೆ ಮಂಡಳಿಯಲ್ಲಿ ಕರೆಂಟು ಹೋಯಿತು. ಅಧಿಕಾರಿಗಳೆಲ್ಲ ತಡಕಾಡಿ ತಮ್ಮ ತಮ್ಮ ಖಾನೆಗಳಿಂದ ಮಂಡಳಿ ಒಪ್ಪಿದ ಮೇಣದ ಬತ್ತಿಗಳನ್ನು ತೆಗೆದು ಮೇಜಿನ ಮೇಲಿಟ್ಟುಕೊಂಡರು. ಕತ್ತಲಲ್ಲಿ ಒಂದೊಂದು ಸಲ ಮೂಸಿ ನೋಡಿ, ಕರೆಂಟು ಬರುವವರೆಗೆ ತೃಪ್ತಿಯಿಂದ ಕೂತರು. "ಈ ಸಲದ್ದು ಬಹಳ ಚೆನ್ನಾಗಿದೆ," ಎಂದು ಅಧ್ಯಕ್ಷರ ದನಿ ಕೇಳಿಸಿತು. "ಹೌದು ಸಾರ್," ಎಂದಿತು ಪಡಸಾಲೆಯ ಆ ತುದಿ.

ಹಿಂದಿನ ಸಾಲಿನ ಕೊನೆಯ ಕೋಣೆಯಲ್ಲಿ ಮಾತ್ರ ಹತ್ತಿ ಬತ್ತಿಯ ಒಂದು ಸೋಯಾ ಮೇಣದ ದೀಪ ಹೊಗೆಯಿಲ್ಲದೆ ಉರಿಯುತ್ತಿತ್ತು. ಅದಕ್ಕೆ ಮಂಡಳಿಯ ಒಪ್ಪಿಗೆ ಇರಲಿಲ್ಲ. ಆ ಬೆಳಕಿನಲ್ಲಿ ಬಡಗಿಯ ಹೆಂಡತಿ ಹಿಡಿದ ತುಂಡನ್ನು ಉಜ್ಜಿ ಮುಗಿಸಿ, ದೀಪ ಆರಿಸಿ, ಬೀಗ ಹಾಕಿ ಮನೆಗೆ ಹೊರಟಳು.

ಬಾಗಿಲು ತೆರೆದ ನಾದಿನಿ ಅತ್ತಿಗೆಯ ತಲೆಯ ಕಡೆ ನೋಡಿದಳು. ಕೂದಲಲ್ಲಿ ಒಂದು ಮರದ ಸುರುಳಿ ಇತ್ತು.